‘ಬೇಡ’ ಅನ್ನುವವರನ್ನು ಹುಡುಕಿಕೊಂಡು: ಸ್ವತಂತ್ರ ಕಾದಂಬರಿಕಾರನ ಬರವಣಿಗೆ

ನಾನು ಕಾದಂಬರಿ ಬರೆದು ನಾನೇ ಪ್ರಕಟಿಸುತ್ತೇನೆ. ಇದು ಗೊತ್ತಾದವರು ಸಾಮಾನ್ಯವಾಗಿ ಹೇಳುವ ಮಾತು, “ಯಾರ ಹಂಗೂ ಇಲ್ಲ, ಆರಾಮ ಅಲ್ವಾ?” ಹಂಗಿಲ್ಲ ಅನ್ನೋದು ನಿಜ. ಆದರೆ ಹಂಗಿಲ್ಲದ ಕಡೆ ‘ಬೇಡ’ ಅನ್ನುವವರೂ ಇರುವುದಿಲ್ಲ. ಒಳ್ಳೆಯ ಪ್ರಕಾಶಕರ ಹತ್ತಿರ ಹಸ್ತಪ್ರತಿ ಹೋದರೆ ಯಾರಾದರೂ ಒಬ್ಬರು ಓದಿ, ಈ ಅಧ್ಯಾಯ ಬೇಡ, ಈ ತಮ್ಮನ ಪಾತ್ರ ಯಾಕಿದೆ, ಇಲ್ಲಿ ಕಥೆ ನಿಂತುಬಿಟ್ಟಿದೆ ಎಂದು ಹೇಳುತ್ತಾರೆ. ನನಗೆ ಹಾಗೆ ಹೇಳುವವರನ್ನು ನಾನೇ ಹುಡುಕಿಕೊಳ್ಳಬೇಕು. ನಾನು ಬರೆಯುವ ಕ್ರಮವೆಲ್ಲ ಬೆಳೆದದ್ದು ಈ ಒಂದು ಕೊರತೆಯ ಸುತ್ತ.

ತಾನೇ ಬರೆದು ತಾನೇ ಅಚ್ಚು ಹಾಕಿಸುವುದು ಹೊಸದೇನಲ್ಲ. ಕನ್ನಡದ ಆರಂಭದ ಕಾದಂಬರಿಕಾರರಲ್ಲಿ ಒಬ್ಬರಾದ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಆ ಕಡೆ ಇಂಗ್ಲೆಂಡಿನಲ್ಲಿ ಕಾದಂಬರಿಗಾರ್ತಿ ವರ್ಜೀನಿಯಾ ವುಲ್ಫ್ ಮತ್ತು ಗಂಡ ಲಿಯೊನಾರ್ಡ್ 1917ರಲ್ಲಿ ಕೈಯಿಂದ ನಡೆಸುವ ಸಣ್ಣ ಅಚ್ಚಿನ ಯಂತ್ರ ಕೊಂಡು ಮನೆಯಲ್ಲೇ ಮುದ್ರಣ ಶುರುಮಾಡಿದರು. ಮೊದಲ ಪುಸ್ತಕದಲ್ಲಿ ಇಬ್ಬರದೂ ಒಂದೊಂದು ಕಥೆ. ಅಚ್ಚಿನ ಯಂತ್ರಕ್ಕಿಂತ ನನಗೆ ಮುಖ್ಯ ಅನಿಸುವುದು ಬೇರೆ ಸಂಗತಿ. ವರ್ಜೀನಿಯಾ ಕಾದಂಬರಿ ಮುಗಿಸಿದ ಮೇಲೆ ಮೊದಲು ಓದುತ್ತಿದ್ದವರು ಲಿಯೊನಾರ್ಡ್. ಅವರು ಏನು ಹೇಳುತ್ತಾರೋ ಎಂದು ಆಕೆ ಆತಂಕದಿಂದ ಕಾಯುತ್ತಿದ್ದರು. ಸ್ವಂತ ಪ್ರಕಾಶನ ಇದ್ದವರಿಗೂ ಮೊದಲ ಓದುಗರು ಬೇಕಿತ್ತು.

ನಿಮ್ಮ ಮೇಲೆ ಯಾರ ಪ್ರಭಾವ ಎಂದು ಕೇಳಿದರೆ ದೊಡ್ಡ ಹೆಸರುಗಳನ್ನು ಹೇಳುವುದು ಸುಲಭ. ಓದಿದ್ದೇನೆ, ಮೆಚ್ಚಿದ್ದೇನೆ, ಸರಿ. ಆದರೆ ವಾಕ್ಯದ ಮಟ್ಟದಲ್ಲಿ ನನ್ನನ್ನು ತಿದ್ದಿದ್ದು ಬೇರೆ ಜಾಗಗಳು. ಮೊದಲನೆಯದು ರೇಡಿಯೋ ನಾಟಕ. ಅಲ್ಲಿ ಮುಖವಿಲ್ಲ, ಬಟ್ಟೆಯಿಲ್ಲ, ಕೋಣೆಯಿಲ್ಲ. ಮಾತು ಕೇಳಿದ ಕೂಡಲೇ ಆಡಿದ್ದು ಯಾರು ಅಂತ ಗೊತ್ತಾಗಬೇಕು. “ಎಂದು ಅವನು ಕೋಪದಿಂದ ಹೇಳಿದ” ಅನ್ನುವ ಊರುಗೋಲು ಅಲ್ಲಿ ಸಿಗುವುದಿಲ್ಲ. ನಾನು ಈಗಲೂ ಒಂದು ಸಂಭಾಷಣೆ ಬರೆದ ಮೇಲೆ ಆಡಿದವರ ಹೆಸರುಗಳನ್ನೆಲ್ಲ ಮುಚ್ಚಿ ಓದುತ್ತೇನೆ. ಯಾರ ಮಾತು ಯಾವುದು ಅಂತ ಗೊತ್ತಾಗದಿದ್ದರೆ ಆ ಪಾತ್ರಗಳು ಇನ್ನೂ ಬೇರೆಬೇರೆ ಆಗಿಲ್ಲ ಎಂದು ಅರ್ಥ.

ಎರಡನೆಯದು ಕರಡು ತಿದ್ದುವ ಕೆಲಸ. ಬೇರೆಯವರ ಪುಸ್ತಕಗಳ ಪ್ರೂಫ್ ನೋಡುತ್ತಿದ್ದ ಕಾಲದಲ್ಲಿ ಸಾವಿರಾರು ಪುಟ ಓದಿದೆ. ಕಥೆಯಲ್ಲಿ ಮುಳುಗಿದರೆ ತಪ್ಪು ಕಾಣುವುದಿಲ್ಲ. ಹಾಗಾಗಿ ಮುಳುಗದೆ ಓದುವುದನ್ನು ಕಲಿಯಬೇಕು. ಆದರೂ ಕೆಲವು ಪುಟಗಳಲ್ಲಿ ನನಗೇ ಗೊತ್ತಿಲ್ಲದೆ ಮುಳುಗಿಬಿಡುತ್ತಿದ್ದೆ. ಅಂಥ ಪುಟಕ್ಕೆ ಗುರುತು ಹಾಕಿ, ಆಮೇಲೆ ಕೂತು, ನನ್ನನ್ನು ಎಳೆದುಕೊಂಡ ವಾಕ್ಯ ಯಾವುದು ಎಂದು ಹುಡುಕುತ್ತಿದ್ದೆ. ಬಹಳ ಸಲ ಅದು ಚಂದದ ವಾಕ್ಯವಾಗಿರುತ್ತಿರಲಿಲ್ಲ. ಒಬ್ಬರಿಗೆ ಗೊತ್ತಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲದ ಸಂಗತಿ ಅಲ್ಲಿರುತ್ತಿತ್ತು, ಅಷ್ಟೇ.

ಮೆಚ್ಚಿದ ಕಥೆಗಳನ್ನು ಕೈಬರಹದಲ್ಲಿ ನಕಲು ಮಾಡಿದ್ದೂ ಉಂಟು. ಪ್ರಕಟಿಸಲಿಕ್ಕಲ್ಲ, ಸುಮ್ನೆ ತಿಳಿಯಲಿಕ್ಕೆ. ಕಣ್ಣು ಓಡುವ ವೇಗಕ್ಕೂ ಪೆನ್ನು ಓಡುವ ವೇಗಕ್ಕೂ ಬಹಳ ವ್ಯತ್ಯಾಸ. ಪೆನ್ನಿನ ವೇಗದಲ್ಲಿ ಹೋಗುವಾಗ, ಲೇಖಕರು ಏನನ್ನು ಹೇಳದೆ ಬಿಟ್ಟಿದ್ದಾರೆ ಎನ್ನುವುದು ಕಾಣತೊಡಗುತ್ತದೆ.

ಇನ್ನು ಕಥೆ ಹುಟ್ಟುವ ವಿಷಯ. ನನಗೆ ಕಥೆ ಯಾವತ್ತೂ ‘ವಿಷಯ’ವಾಗಿ ಬರುವುದಿಲ್ಲ. ಇಬ್ಬರು ಮನುಷ್ಯರ ಇಕ್ಕಟ್ಟಾಗಿ ಬರುತ್ತದೆ. ಒಬ್ಬಳಿಗೆ ಮನೆ ಮಾರಬೇಕು. ಅಣ್ಣನಿಗೆ ಮಾರಲು ಇಷ್ಟವಿಲ್ಲ, ಆದರೆ ಕಾರಣ ಹೇಳುವ ಹಾಗಿಲ್ಲ. ಇಷ್ಟು ಸಿಕ್ಕರೆ ಬರೆಯಲು ಕೂರಬಹುದು. ಭ್ರಷ್ಟಾಚಾರದ ಬಗ್ಗೆ, ಒಂಟಿತನದ ಬಗ್ಗೆ ಬರೆಯಬೇಕು ಅಂತ ಹೊರಟರೆ ಪಾತ್ರಗಳು ಭಾಷಣಕ್ಕೆ ನಿಲ್ಲುತ್ತವೆ. ವಿಷಯ ಏನು ಎನ್ನುವುದನ್ನು ನಾನು ಸಾಮಾನ್ಯವಾಗಿ ಎರಡನೇ ಕರಡಿನಲ್ಲಿ ಕಂಡುಕೊಳ್ಳುತ್ತೇನೆ.

ಬರೆಯುವ ಮೊದಲು ಕಥೆಯ ಪೂರ್ತಿ ನಕ್ಷೆ ಹಾಕುವುದಿಲ್ಲ. ಎರಡು ಹಾಳೆ ಮಾತ್ರ ಇಟ್ಟುಕೊಳ್ಳುತ್ತೇನೆ. ಒಂದು ಕ್ಯಾಲೆಂಡರ್. ಕಥೆಯ ಪ್ರತಿ ದೃಶ್ಯ ಯಾವ ದಿನ, ಯಾವ ಹೊತ್ತು ನಡೆಯುತ್ತದೆ ಎಂದು ಬರೆದಿಡುತ್ತೇನೆ. ಇಲ್ಲದಿದ್ದರೆ ಏಳನೇ ತಿಂಗಳ ಗರ್ಭಿಣಿ ಎರಡು ಅಧ್ಯಾಯ ಕಳೆದ ಮೇಲೂ ಏಳನೇ ತಿಂಗಳಲ್ಲೇ ಇರುತ್ತಾಳೆ, ಭಾನುವಾರ ಬ್ಯಾಂಕು ತೆರೆದಿರುತ್ತದೆ. ಇನ್ನೊಂದು ಹಾಳೆಯಲ್ಲಿ ‘ಯಾರಿಗೆ ಯಾವಾಗ ಏನು ಗೊತ್ತಾಯಿತು’ ಅನ್ನುವ ಪಟ್ಟಿ. ಗುಟ್ಟು ಇರುವ ಕಥೆಗೆ ಇದು ಬೇಕೇ ಬೇಕು. ಗುಟ್ಟಿಲ್ಲದ ಕಾದಂಬರಿಯನ್ನು ನಾನಂತೂ ಓದಿಲ್ಲ. ಹೆಸರು ಇಡುವಾಗಲೂ ಈ ಪಟ್ಟಿ ನೋಡುತ್ತೇನೆ. ಒಂದೇ ಮನೆಯಲ್ಲಿ ಸುಮಾ, ಸುಧಾ, ಸುಜಾತಾ ಇದ್ದರೆ ಓದುಗರು ಮೂರನೇ ಪುಟಕ್ಕೇ ಸೋಲುತ್ತಾರೆ. ನಿಜ ಜೀವನದಲ್ಲಿ ಅಂಥ ಮನೆಗಳು ಬೇಕಾದಷ್ಟಿವೆ, ಇರಲಿ. ಕಥೆಯಲ್ಲಿ ಮೊದಲ ಅಕ್ಷರವೂ ಹೆಸರಿನ ಉದ್ದವೂ ಬೇರೆ ಇರಬೇಕು.

ಆಂಥನಿ ಟ್ರೋಲಪ್ ಎಂಬ ಇಂಗ್ಲಿಷ್ ಕಾದಂಬರಿಕಾರ ಅಂಚೆ ಇಲಾಖೆಯಲ್ಲಿ ನೌಕರಿ ಮಾಡುತ್ತಲೇ ರಾಶಿ ಕಾದಂಬರಿ ಬರೆದವನು. ಬೆಳಗಿನ ಜಾವ ಎದ್ದು, ಗಡಿಯಾರ ಎದುರಿಟ್ಟುಕೊಂಡು, ಕಾಲು ಗಂಟೆಗೆ 250 ಪದದಂತೆ ಬರೆಯುತ್ತಿದ್ದೆ ಎಂದು ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. 1883ರಲ್ಲಿ ಅದು ಪ್ರಕಟವಾದಾಗ ಕೆಲವರಿಗೆ ಬೇಸರವಾಯಿತು, ಕಲೆ ಅಂದರೆ ಹೀಗಾ ಅಂತ. ನನಗೆ ಬೇಸರವಿಲ್ಲ, ಆದರೆ ಪದದ ಲೆಕ್ಕ ನನಗೆ ಹೊಂದುವುದಿಲ್ಲ. ಪದ ತುಂಬಿಸಲು ಕೂತರೆ ಕೈ ಮಳೆ, ಮೋಡ, ಕಿಟಕಿ ಬರೆಯತೊಡಗುತ್ತದೆ. ನನ್ನದು ದೃಶ್ಯದ ಲೆಕ್ಕ. ಒಂದು ದೃಶ್ಯ ಶುರುಮಾಡಿದರೆ ಅದರಲ್ಲಿ ಏನು ಬದಲಾಗಬೇಕೋ ಅದು ಬದಲಾಗುವ ತನಕ ಬರೆಯುತ್ತೇನೆ. ಮುಂದಿನ ದೃಶ್ಯದ ಮೊದಲ ಎರಡು ಸಾಲನ್ನೂ ಬರೆದಿಟ್ಟು ಏಳುತ್ತೇನೆ, ಮರುದಿನ ಖಾಲಿ ಪುಟ ಎದುರಾಗಬಾರದು ಅಂತ. ಮೊದಲ ಕರಡು ಮುಗಿಯುವವರೆಗೆ ಹಿಂದಿನ ಅಧ್ಯಾಯ ತಿದ್ದುವುದಿಲ್ಲ. ಹೆಸರು ಬದಲಾದರೆ, ಪಾತ್ರ ಸತ್ತರೆ, ಪಕ್ಕದ ಹಾಳೆಯಲ್ಲಿ ಒಂದು ಸಾಲು ಬರೆದುಕೊಂಡು ಮುಂದೆ ಹೋಗುವುದು.

ಕನ್ನಡದಲ್ಲಿ ಕಥೆ ಬರೆಯುವವರೆಲ್ಲ ಒಂದು ತೀರ್ಮಾನ ಮೊದಲೇ ಮಾಡಿಕೊಳ್ಳಬೇಕು: ಪಾತ್ರಗಳು ಯಾವ ಕನ್ನಡ ಆಡುತ್ತವೆ? ನಿರೂಪಣೆ ಗ್ರಾಂಥಿಕ, ಮಾತು ಆಡುನುಡಿ ಅನ್ನುವುದು ರೂಢಿ. ಆದರೆ ಆಡುನುಡಿಯನ್ನು ಕಿವಿಗೆ ಬಿದ್ದ ಹಾಗೇ ಬರೆದರೆ ಬೇರೆ ಕಡೆಯ ಓದುಗರು ಎಡವುತ್ತಾರೆ. ನಾನು ಪ್ರತಿ ಪಾತ್ರಕ್ಕೂ ನಾಲ್ಕೈದು ಗುರುತು ಮಾತ್ರ ಆರಿಸುತ್ತೇನೆ. ಕ್ರಿಯಾಪದದ ಕೊನೆ, ಒಂದು ಸಂಬೋಧನೆ, ವಾಕ್ಯ ಎಳೆಯುವ ಅಥವಾ ತುಂಡರಿಸುವ ರೀತಿ. ಉಳಿದದ್ದು ಎಲ್ಲರ ಕನ್ನಡ. ಇನ್ನೊಂದು, ಯಾರು ಯಾರಿಗೆ ಏಕವಚನ, ಯಾರಿಗೆ ಬಹುವಚನ ಅನ್ನುವುದನ್ನು ಜೋಡಿ ಜೋಡಿಯಾಗಿ ಬರೆದಿಡುತ್ತೇನೆ. ಇಷ್ಟು ದಿನ ಬಹುವಚನದಲ್ಲಿ ಮಾತಾಡಿದವಳು ಜಗಳದ ನಡುವೆ ಏಕವಚನಕ್ಕೆ ಇಳಿದರೆ ಅಲ್ಲಿ ಬೇರೆ ವಿವರಣೆ ಬೇಕಿಲ್ಲ. ಅದೇ ಬದಲಾವಣೆ ಲೇಖಕನ ಅಜಾಗರೂಕತೆಯಿಂದ ಆಗಿದ್ದರೆ ಓದುಗರು ಇಲ್ಲದ ಅರ್ಥ ಹುಡುಕುತ್ತಾ ಕೂರುತ್ತಾರೆ.

ಕರಡು ಮುಗಿದ ಮೇಲೆ ಅದನ್ನು ಮುಚ್ಚಿಡುತ್ತೇನೆ. ನಾನು ಬರೆದದ್ದು ನನಗೇ ಸ್ವಲ್ಪ ಮರೆಯಬೇಕು. ಮತ್ತೆ ತೆಗೆದಾಗ ಬೇರೆ ಅಕ್ಷರಶೈಲಿ, ಬೇರೆ ಅಗಲದ ಪುಟಕ್ಕೆ ಹಾಕಿ ಮುದ್ರಿಸಿಕೊಳ್ಳುತ್ತೇನೆ. ಸಾಲುಗಳು ಬೇರೆ ಕಡೆ ಮುರಿದರೆ ಸಾಕು, ಕಣ್ಣು ಹೊಸದಾಗಿ ಓದುತ್ತದೆ. ಆಮೇಲೆ ಗಟ್ಟಿಯಾಗಿ ಓದುವುದು. ಇದಕ್ಕೆ ಪರ್ಯಾಯವೇ ಇಲ್ಲ ಎಂದು ನನ್ನ ನಂಬಿಕೆ. ಉಸಿರು ಸಾಲದ ವಾಕ್ಯ, ಒಂದೇ ಪ್ಯಾರಾದಲ್ಲಿ ನಾಲ್ಕು ಸಲ ಬಂದ ‘ಆದರೆ’, ಯಾರೂ ಬಾಯಲ್ಲಿ ಆಡದ ಸಂಭಾಷಣೆ, ಎಲ್ಲ ಸಿಕ್ಕಿಬೀಳುತ್ತವೆ. ಈಗ ಫೋನುಗಳಲ್ಲೇ ಕನ್ನಡ ಓದಿ ಹೇಳುವ ಸೌಲಭ್ಯ ಇದೆ. ಅದನ್ನೂ ಬಳಸುತ್ತೇನೆ. ಯಂತ್ರಕ್ಕೆ ನನ್ನ ವಾಕ್ಯದ ಮೇಲೆ ಪ್ರೀತಿಯಿಲ್ಲ. ಭಾವವಿಲ್ಲದ ಆ ದನಿಯಲ್ಲೂ ಒಂದು ದೃಶ್ಯ ನಿಂತಿತು ಅಂದರೆ ನನಗೆ ಸ್ವಲ್ಪ ಧೈರ್ಯ.

ಇದಾದ ಮೇಲೆ ಮೊದಲ ಓದುಗರು. ಮನೆಯವರಿಗೆ ಕೊಡುವುದಿಲ್ಲ. ಅವರು ಕಥೆ ಓದುವುದಿಲ್ಲ, ಕಥೆಯಲ್ಲಿ ತಮ್ಮನ್ನು ಹುಡುಕುತ್ತಾರೆ. ಇಂಥ ಕಥೆಗಳನ್ನು ಇಷ್ಟಪಟ್ಟು ಓದುವ ಒಬ್ಬರು, ಅಷ್ಟೇನೂ ಇಷ್ಟಪಡದ ಒಬ್ಬರು, ಮತ್ತು ಕಥೆಯಲ್ಲಿ ಬರುವ ಕಸುಬು ಬಲ್ಲ ಒಬ್ಬರು. ನರ್ಸ್ ಪಾತ್ರ ಇದ್ದರೆ ನರ್ಸ್ ಒಬ್ಬರು ಓದಲೇಬೇಕು. “ಹೇಗಿದೆ?” ಎಂದು ಕೇಳಿದರೆ “ಚೆನ್ನಾಗಿದೆ” ಅನ್ನುತ್ತಾರೆ, ಅದರಿಂದ ಏನೂ ಸಿಗುವುದಿಲ್ಲ. ಅವರು ಉತ್ತರ ಕೊಡಬಹುದಾದ ಪ್ರಶ್ನೆ ಕೇಳಬೇಕು. ಎಲ್ಲಿ ಓದುವುದು ನಿಲ್ಲಿಸಿ ಎದ್ದಿರಿ? ಯಾವ ಇಬ್ಬರನ್ನು ಒಬ್ಬರೇ ಅಂದುಕೊಂಡಿರಿ? ಈ ಅಧ್ಯಾಯದ ಕೊನೆಗೆ ಮುಂದೇನಾಗುತ್ತೆ ಅಂದುಕೊಂಡಿದ್ದಿರಿ? ಎಲ್ಲಿ ಎರಡು ಸಲ ಓದಬೇಕಾಯಿತು? ಹಾಗೆ ಮಾಡಿ, ಹೀಗೆ ಮಾಡಿ ಎಂಬ ಸಲಹೆ ನನಗೆ ಬೇಡ. ಅದು ಅವರ ಕಾದಂಬರಿ ಆಗಿಬಿಡುತ್ತದೆ. ಎಲ್ಲಿ ನೋವಿದೆ ಎಂದು ತೋರಿಸಿದರೆ ಸಾಕು, ಔಷಧಿ ನಾನು ಹುಡುಕುತ್ತೇನೆ. ಮೂವರೂ ಒಂದೇ ಜಾಗದಲ್ಲಿ ಎದ್ದು ಹೋಗಿದ್ದರೆ ಅಲ್ಲಿ ವಾದಕ್ಕೆ ಜಾಗವಿಲ್ಲ.

ದುಡ್ಡು ಕೊಡುವುದಾದರೆ ಯಾವುದಕ್ಕೆ ಕೊಡುತ್ತಿದ್ದೇನೆ ಎಂದು ಸ್ಪಷ್ಟ ಇರಬೇಕು. ಕಥೆಯ ಕಟ್ಟಡ ನೋಡುವ ಸಂಪಾದನೆ ಬೇರೆ, ವಾಕ್ಯ ತಿದ್ದುವುದು ಬೇರೆ, ಪ್ರೂಫ್ ನೋಡಿ ಕಾಗುಣಿತ ತಿದ್ದುವುದು ಬೇರೆ. ಕಟ್ಟಡ ಸರಿಯಾಗುವ ಮೊದಲೇ ಕಾಗುಣಿತ ತಿದ್ದಿಸಿದರೆ ಆ ದುಡ್ಡು ಹೋದಂತೆ. ತಿದ್ದಿದ ಪುಟವನ್ನೇ ನಾಳೆ ಕಿತ್ತು ಹಾಕುತ್ತೀರಿ.

ಪುಟ ಜೋಡಣೆಗೆ ಬಂದರೆ ಕನ್ನಡಕ್ಕೆ ತನ್ನದೇ ಪಾಡು. ಎಲ್ಲ ಕಂಪ್ಯೂಟರುಗಳಿಗೂ ಸಮಾನವಾದ ಅಕ್ಷರ ಸಂಕೇತ ಪದ್ಧತಿಯಾದ ಯುನಿಕೋಡಿನಲ್ಲಿ ಕನ್ನಡ 1991ರಿಂದಲೂ ಇದೆ. ಆದರೂ ಯುನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲೇ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಣೆ, ಮಾಡುವವರು ಇದ್ದಾರೆ. ಯುನಿಕೋಡ್ ಕಡತವನ್ನು ಆ ಫಾಂಟಿಗೆ ಪರಿವರ್ತಿಸುವಾಗ ಅರ್ಕಾವತ್ತು, ಒತ್ತಕ್ಷರ, ಉದ್ಧರಣ ಚಿಹ್ನೆಗಳು ಅಲ್ಲಲ್ಲಿ ಕೆಡುತ್ತವೆ. ಆದ್ದರಿಂದ ಕೊನೆಯ ಪ್ರೂಫ್ ಅನ್ನು ಜೋಡಣೆ ಆದ ಮೇಲೆಯೇ ನೋಡಬೇಕು. ಮೂಲ ಕಡತದಲ್ಲಿ ಎಷ್ಟು ತಿದ್ದಿದ್ದರೂ ಅದು ಲೆಕ್ಕಕ್ಕಿಲ್ಲ.

ಆಫ್‌ಸೆಟ್ ಮುದ್ರಣದಲ್ಲಿ ಪುಟಗಳು ಸಾಮಾನ್ಯವಾಗಿ 16ರ ಫಾರಂಗಳಲ್ಲಿ, ಅಂದರೆ ಒಟ್ಟಿಗೆ ಅಚ್ಚಾಗುವ 16 ಪುಟಗಳ ಕಟ್ಟುಗಳಲ್ಲಿ, ಹೋಗುತ್ತವೆ. ಪುಸ್ತಕ 163 ಪುಟಕ್ಕೆ ನಿಂತಿತು ಅಂದುಕೊಳ್ಳಿ. 160ಕ್ಕೆ ಹತ್ತು ಫಾರಂ ಮುಗಿಯುತ್ತದೆ. ಆ ಮೂರು ಪುಟಕ್ಕಾಗಿ ಇನ್ನೊಂದು ಫಾರಂ ಬೇಕು, ಅಥವಾ ಮೂರು ಪುಟ ಕಡಿಯಬೇಕು. ನಾನು ಕಡಿಯುತ್ತೇನೆ, ಅದೂ ಖುಷಿಯಿಂದ. ಇಷ್ಟು ನಿಷ್ಪಕ್ಷಪಾತವಾಗಿ ‘ಬೇಡ’ ಅನ್ನುವ ಸಂಪಾದಕರು ಬೇರೆಲ್ಲಿ ಸಿಗುತ್ತಾರೆ? ಹುಡುಕಿದರೆ ಪ್ರತಿ ದೃಶ್ಯದ ಕೊನೆಯಲ್ಲಿ ಒಂದೆರಡು ಸಾಲು ಜಾಸ್ತಿ ಇದ್ದೇ ಇರುತ್ತವೆ. ದೃಶ್ಯ ಮುಗಿದ ಮೇಲೆ ಅದರ ಅರ್ಥ ಹೇಳುವ ಸಾಲುಗಳು. ಬೇಡಿಕೆಗೆ ತಕ್ಕಂತೆ ಒಂದೊಂದೇ ಪ್ರತಿ ಮುದ್ರಿಸುವ ಡಿಜಿಟಲ್ ವ್ಯವಸ್ಥೆಯಲ್ಲಿ ಈ ಫಾರಂ ಲೆಕ್ಕದ ಕಾಟವಿಲ್ಲ, ಆ ಸಹಾಯವೂ ಇಲ್ಲ.

ಇ-ಪುಸ್ತಕದ ಇಪಬ್ ಕಡತದಲ್ಲಿ ಓದುಗರು ಅಕ್ಷರ ದೊಡ್ಡದು ಮಾಡಿದ ಹಾಗೆ ಸಾಲುಗಳು ಜಾಗ ಬದಲಿಸುತ್ತವೆ. ದೃಶ್ಯ ಬದಲಾದದ್ದನ್ನು ಖಾಲಿ ಸಾಲಿನಿಂದ ಸೂಚಿಸಿದ್ದರೆ, ಅದು ಪರದೆಯ ತುದಿಗೆ ಬಿದ್ದಾಗ ಗೊತ್ತೇ ಆಗುವುದಿಲ್ಲ. ಮೂರು ನಕ್ಷತ್ರ ಹಾಕಿಬಿಡಿ. ಮುಖ್ಯವಾದದ್ದು ಇನ್ನೊಂದಿದೆ. ಮಾರುವ ಕಡೆ ಮೊದಲ ಒಂದಷ್ಟು ಪುಟ ಪುಕ್ಕಟೆ ಓದಲು ಸಿಗುತ್ತವೆ. ನಮ್ಮ ಪುಸ್ತಕಗಳಲ್ಲಿ ಅರ್ಪಣೆ, ಮುನ್ನುಡಿ, ಲೇಖಕರ ಮಾತು, ಕೃತಜ್ಞತೆಗಳ ಉದ್ದ ಪಟ್ಟಿ ಎಲ್ಲ ಆ ಪುಟಗಳನ್ನು ತಿಂದುಬಿಡುತ್ತವೆ. ಓದುಗರು ಕಥೆಯ ಒಂದು ಸಾಲೂ ನೋಡದೆ ಹೊರಗೆ ಹೋಗುತ್ತಾರೆ. ನಾನು ಅದನ್ನೆಲ್ಲ ಪುಸ್ತಕದ ಕೊನೆಗೆ ಹಾಕುತ್ತೇನೆ. ಮುನ್ನುಡಿ ಬರೆಸುವುದನ್ನೇ ಬಿಟ್ಟಿದ್ದೇನೆ. ಕಾದಂಬರಿಗೆ ಬಾಗಿಲಲ್ಲಿ ನಿಂತು ಹೊಗಳುವವರು ಬೇಕಿಲ್ಲ.

ಮುಖಪುಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚಿತ್ರ 300 ಡಿಪಿಐ (ಇಂಚಿಗೆ 300 ಚುಕ್ಕಿ) ಇರಲಿ, ಕತ್ತರಿಸುವಾಗ ಹೋಗಲು ಅಂಚಿನಲ್ಲಿ ಚಿತ್ರವನ್ನು ಮೂರು ಮಿಲಿಮೀಟರ್ ಹೆಚ್ಚುವರಿ ಬಿಡಿ. ಪರದೆಯ ಹೊಳೆಯುವ ನೀಲಿ ಕಾಗದದ ಮೇಲೆ ಮಂಕಾಗುತ್ತದೆ ಎಂಬುದು ನೆನಪಿರಲಿ. ಬೆರಳುಗುರಿನಷ್ಟು ಚಿಕ್ಕದು ಮಾಡಿದರೂ ಹೆಸರು ಓದಲು ಬರಬೇಕು. ಮುದ್ರಿತ ಪುಸ್ತಕಕ್ಕೂ ಇ-ಪುಸ್ತಕಕ್ಕೂ ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆ, ಬೇರೆ ಬೇರೆ.

ಪುಸ್ತಕ ಹೊರಬಂದ ಮೇಲೂ ಒಂದು ಕಡತ ತೆರೆದಿಟ್ಟಿರುತ್ತೇನೆ. ಓದುಗರು ಬರೆದು ತಿಳಿಸಿದ ಅಚ್ಚಿನ ತಪ್ಪು, ದಿನಾಂಕದ ಗೊಂದಲ ಎಲ್ಲ ಪುಟಸಂಖ್ಯೆ ಸಮೇತ ಅಲ್ಲಿ ಸೇರುತ್ತವೆ. ಕಡಿಮೆ ಪ್ರತಿ ಮುದ್ರಿಸುವುದರ ಲಾಭ ಇದು, ಮುಂದಿನ ಮುದ್ರಣಕ್ಕೆ ತಿದ್ದಿ ಕಳಿಸಬಹುದು. ಅದೇ ಕಡತದಲ್ಲಿ ಒಂದು ದೂರು ಪದೇಪದೇ ಬರುತ್ತದೆ. ಒಂದು ಕಾದಂಬರಿಯಲ್ಲಿ ತಾಯಿ ಕೊನೆಗೂ ಮಗನಿಗೆ ಸತ್ಯ ಹೇಳುವುದಿಲ್ಲ. ಹೇಳಿಸಬೇಕಿತ್ತು ಎಂದು ಬಹಳ ಜನ ಬರೆದಿದ್ದಾರೆ. ಅವರು ಕೊಡುವ ಕಾರಣಗಳೂ ಸರಿಯಾಗಿಯೇ ಇವೆ. ಆದರೆ ಆ ಹೆಂಗಸು ಹೇಳುವವಳಲ್ಲ. ಎರಡನೇ ಮುದ್ರಣದಲ್ಲಿ ಕಾಗುಣಿತ ತಿದ್ದಿದೆ, ಅದನ್ನು ಹಾಗೇ ಬಿಟ್ಟೆ.