ಸಂಜೆ ಐದೂವರೆಯ ಸ್ಟೂಲು: ಕೆಲಸದ ಆತಂಕ ತಗ್ಗಿಸಿಕೊಂಡು ಕೆಲಸವನ್ನೇ ಬದಲಿಸಿದ ನನ್ನ ಅನುಭವ

"ಲೆಕ್ಕ ಬರೆಯೋದು ನಿನ್ನ ಕೆಲಸ, ಸರಿ. ಭಯಕ್ಕೂ ಲೆಕ್ಕ ಬರೀತೀಯೇನೇ?" ಅಂತ ಅಕ್ಕ ಕೇಳಿದ್ದಳು, ದಿನಾ ಸಂಜೆ ನಾನು ಚಿಂತೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯುವುದನ್ನು ಕಂಡು. ಪಕ್ಕದ ಸೀಟಿನವರದು ಇನ್ನೂ ನೇರ ಮಾತು: "ನೋಟ್‌ಬುಕ್ಕಲ್ಲಿ ಬರೆದ ಮಾತ್ರಕ್ಕೆ ಬಾಸ್ ಬದಲಾಗ್ತಾರಾ ಮೇಡಂ?" ಬಾಸ್ ಬದಲಾಗಲಿಲ್ಲ. ನಾನು ಆ ಸೀಟು ಬಿಟ್ಟು ಎರಡು ವರ್ಷದ ಹತ್ತಿರ ಬಂತು. ಬಿಡುವ ಹೊತ್ತಿಗೆ ಎದೆ ಢವಗುಟ್ಟುವುದು ನಿಂತು ವರ್ಷವೇ ಆಗಿತ್ತು. ತಲೆ ತಣ್ಣಗಿದ್ದಾಗ, ಕೈಯಲ್ಲಿ ಲೆಕ್ಕ ಹಿಡಿದುಕೊಂಡು ಎದ್ದು ಬಂದೆ. ಅಂದು ನಕ್ಕವರೇ ಈಗ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಉಸಿರಾಟದ ಅಭ್ಯಾಸ, ಧ್ಯಾನದ ಆ್ಯಪ್, ತುರ್ತು ನಿಧಿ ಎಲ್ಲ ನಿಮಗೆ ಗೊತ್ತಿರುವವೇ, ಅವನ್ನು ಇಲ್ಲಿ ವಿವರಿಸುವುದಿಲ್ಲ.

ಹನ್ನೊಂದು ವರ್ಷ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದೆ. ಪ್ರತಿ ತಿಂಗಳ ಕೊನೆಗೆ ಲೆಕ್ಕ ಮುಗಿಸಿ ಒಪ್ಪಿಸುವ ಕೆಲಸ. ಕೊನೆಯ ಎರಡು ಮೂರು ವರ್ಷ ಭಾನುವಾರ ಸಂಜೆ ನಾಲ್ಕಕ್ಕೇ ಹೊಟ್ಟೆ ಕಲಸಲು ಶುರುವಾಗುತ್ತಿತ್ತು. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಮೊದಲು ಹೋದದ್ದು ಡಾಕ್ಟರ ಹತ್ತಿರ. ಥೈರಾಯ್ಡ್ ಅತಿಯಾಗಿ ಕೆಲಸ ಮಾಡಿದರೂ ಎದೆಬಡಿತ, ಕೈನಡುಕ, ನಿದ್ರಾಹೀನತೆ ಬರುತ್ತವೆ, ನೋಡಲು ಆತಂಕದ ಹಾಗೇ ಇರುತ್ತದೆ. ರಕ್ತ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ನೀವೂ ಈ ಹೆಜ್ಜೆಯನ್ನು ಹಾರಿಸಬೇಡಿ.

ಆಮೇಲೆ ಮಾಡಿದ್ದೆಲ್ಲ ಸೋತಿತು. ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು "ನಾನು ಧೈರ್ಯವಂತೆ" ಎಂದು ಹೇಳಿಕೊಂಡೆ. ನಾಲಿಗೆ ಹೇಳಿದ್ದನ್ನು ಹೊಟ್ಟೆ ನಂಬಲಿಲ್ಲ. ಧ್ಯಾನದ ಆ್ಯಪ್‌ಗೆ ಇಡೀ ವರ್ಷದ ಹಣ ಕಟ್ಟಿದೆ, ತೆರೆದದ್ದು ಹತ್ತೊಂಬತ್ತು ದಿನವೋ ಇಪ್ಪತ್ತು ದಿನವೋ. ಎರಡು ವಾರ ರಜೆ ಹಾಕಿ ಪ್ರವಾಸಕ್ಕೆ ಹೋದೆ, ಒಂದೂವರೆ ತಿಂಗಳ ಸಂಬಳ ಕರಗಿತು. ವಾಪಸು ಬಂದು ಮೊದಲ ಮೇಲ್ ತೆರೆದಾಗ ಮತ್ತದೇ ಢವಢವ.

ಎಲ್ಲಕ್ಕಿಂತ ಕೆಟ್ಟದ್ದು, ಎಲ್ಲರೂ ಕೊಡುವ "ತಲೆ ಕೆಡಿಸ್ಕೋಬೇಡ, ಅದರ ಬಗ್ಗೆ ಯೋಚನೇನೇ ಮಾಡಬೇಡ" ಎಂಬ ಸಲಹೆ. ಅದನ್ನು ಶ್ರದ್ಧೆಯಿಂದ ಪಾಲಿಸಿದ ತಿಂಗಳಲ್ಲೇ ನನ್ನ ನಿದ್ದೆ ಪೂರ್ತಿ ಹಾಳಾಯಿತು. 1987ರಲ್ಲಿ ಡೇನಿಯಲ್ ವೆಗ್ನರ್ ಎಂಬ ಮನೋವಿಜ್ಞಾನಿ ಕೆಲವರಿಗೆ ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ ಎಂದು ಹೇಳಿ ಕೂರಿಸಿದ್ದರಂತೆ. ಅವರ ತಲೆಗೆ ಕರಡಿ ಬರುತ್ತಲೇ ಇತ್ತು. ಆಮೇಲೆ ಬೇಕಾದರೆ ಯೋಚಿಸಿ ಎಂದು ಬಿಟ್ಟಾಗ, ಮೊದಲಿನಿಂದಲೂ ಯೋಚಿಸಲು ಬಿಟ್ಟವರಿಗಿಂತ ಇವರ ತಲೆಯಲ್ಲೇ ಕರಡಿ ಹೆಚ್ಚು ಓಡಾಡಿತು. ನನ್ನ ಕರಡಿ ತ್ರೈಮಾಸಿಕ ಲೆಕ್ಕಪತ್ರವಾಗಿತ್ತು, ಅಷ್ಟೇ ವ್ಯತ್ಯಾಸ.

ಹಾಗಾದರೆ ಯೋಚನೆಗೆ ಹೊತ್ತು ಗೊತ್ತು ಮಾಡೋಣ ಅನ್ನಿಸಿತು. ಇದು ನನ್ನ ಕಂಡುಹಿಡಿತವಲ್ಲ. ಅಮೆರಿಕದ ಮನೋವಿಜ್ಞಾನಿ ಥಾಮಸ್ ಬೊರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲೇ ಪ್ರಯೋಗಿಸಿದ್ದಾರೆ: ದಿನಾ ಒಂದೇ ಜಾಗ, ಒಂದೇ ಹೊತ್ತು, ಅರ್ಧ ಗಂಟೆ ಚಿಂತೆ. ಉಳಿದ ಹೊತ್ತಿನಲ್ಲಿ ಬಂದ ಚಿಂತೆಯನ್ನು ಆ ಹೊತ್ತಿಗೆ ಮುಂದೂಡುವುದು. ನನಗೆ ಅರ್ಧ ಗಂಟೆ ಹೆಚ್ಚಾಯಿತು, ಹದಿನೈದು ನಿಮಿಷಕ್ಕೆ ಇಳಿಸಿಕೊಂಡೆ.

ಕೇಳಲು ಸುಲಭ, ಕೂರುವುದರಲ್ಲೇ ಮೂರು ಸಲ ಕೈ ಸುಟ್ಟುಕೊಂಡೆ. ಮೊದಲು ರಾತ್ರಿ ಹತ್ತಕ್ಕೆ ಕೂತೆ. ಮಲಗುವ ಮುಂಚೆ ಚಿಂತೆಯನ್ನೆಲ್ಲ ಎಬ್ಬಿಸಿ ಹಾಸಿಗೆಗೆ ಕರೆದುಕೊಂಡು ಹೋದಂತಾಯಿತು. ಎರಡನೆಯದು ಸೋಫಾ. ಹತ್ತೇ ದಿನದಲ್ಲಿ ಸೋಫಾ ಕಂಡರೆ ಎದೆ ಬಿಗಿಯತೊಡಗಿತು, ಮನೆಯಲ್ಲಿ ವಿಶ್ರಾಂತಿಗಿದ್ದ ಒಂದೇ ಜಾಗ ಕೆಟ್ಟಿತು. ಮೂರನೆಯದು ಮೊಬೈಲ್. ಅದರಲ್ಲಿ ಬರೆಯಲು ಹೋಗಿ ಆಫೀಸಿನ ಮೇಲ್ ತೆರೆದು ಕೂತಿರುತ್ತಿದ್ದೆ. ಕೊನೆಗೆ ಬಟ್ಟೆ ಒಗೆಯುವ ಮಷೀನಿನ ಪಕ್ಕ ಒಂದು ಸ್ಟೂಲ್ ಹಾಕಿದೆ. ಒರಗುವುದಕ್ಕಿಲ್ಲ, ಹದಿನೈದು ನಿಮಿಷಕ್ಕೆ ಬೆನ್ನು ತಾನಾಗಿಯೇ ಎಬ್ಬಿಸುತ್ತದೆ. ಬೆಳಗಿನ ಪಾಳಿ ಮುಗಿಸಿ ಮನೆ ಸೇರಿದ ಮೇಲೆ, ಸಂಜೆ ಐದೂವರೆಗೆ, ಇನ್ನೂ ಬೆಳಕಿರುವಾಗಲೇ ಕೂರುತ್ತಿದ್ದೆ. ಕಾಗದ, ಪೆನ್ನು ಬಿಟ್ಟು ಬೇರೇನೂ ಇಲ್ಲ.

ಆಫೀಸಿನಲ್ಲಿ ಚಿಂತೆ ಬಂದಾಗ ಚೀಟಿಯ ಮೇಲೆ ಒಂದೇ ಪದ ಬರೆದು ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಒಂದೇ ಪದ ಎಂಬುದನ್ನು ಗಮನಿಸಿ. ವಾಕ್ಯ ಬರೆದರೆ ಅಲ್ಲೇ ಚಿಂತಿಸಲು ಶುರುಮಾಡಿದಿರಿ ಅಂತಲೇ ಅರ್ಥ. "ಆಡಿಟ್." "ಬಡ್ತಿ." "ಅವರ ಮುಖ." ಕೊನೆಯದು ಬಾಸ್ ಮುಖ, ಎರಡು ಪದ, ಅದೊಂದಕ್ಕೆ ವಿನಾಯಿತಿ ಕೊಟ್ಟಿದ್ದೆ. ಕೆಟ್ಟ ದಿನಗಳಲ್ಲಿ ಜೇಬಲ್ಲಿ ಹನ್ನೊಂದು ಹನ್ನೆರಡು ಚೀಟಿ ಇರುತ್ತಿದ್ದವು. ಸಂಜೆ ತೆಗೆದು ನೋಡಿದರೆ ಅರ್ಧದಷ್ಟು ಬಾಡಿಹೋಗಿರುತ್ತಿದ್ದವು. ಮೂರು ತಿಂಗಳಲ್ಲಿ ಸಂಖ್ಯೆ ಎರಡು ಮೂರಕ್ಕಿಳಿಯಿತು.

ನೋಟ್‌ಬುಕ್ಕಿನಲ್ಲಿ ಮೂರು ಕಾಲಂ: ಚಿಂತೆ, ನನ್ನ ಕೈಲಿರುವುದು, ಆದದ್ದು. ಒಂದು ಮಂಗಳವಾರದ ಸಾಲು ಹೀಗಿದೆ. ಚಿಂತೆ: "ನಾಳೆ 11ಕ್ಕೆ ಒಳಗೆ ಕರೆದಿದ್ದಾರೆ. ಹೋದ ತಿಂಗಳ ಲೆಕ್ಕದ ವ್ಯತ್ಯಾಸವನ್ನು ನನ್ನ ತಲೆಗೆ ಕಟ್ಟುತ್ತಾರೆ." ಕೈಲಿರುವುದು: "ನಾಳೆ ಕಂಪ್ಯೂಟರ್ ಆನ್ ಮಾಡಿದ ಕೂಡಲೇ, ಮೇಲ್ ನೋಡುವ ಮುಂಚೆ, ಲೆಕ್ಕ ತಾಳೆ ನೋಡಿದ ಪಟ್ಟಿಯನ್ನು ಪ್ರಿಂಟ್ ತೆಗೆಯುವುದು." ಆದದ್ದು: "ರಜೆ ಪಟ್ಟಿ ಕೇಳಿದರು. 4 ನಿಮಿಷ." ಆ ನಾಲ್ಕು ನಿಮಿಷಕ್ಕಾಗಿ ಹದಿನೆಂಟು ಗಂಟೆ ಹೊಟ್ಟೆ ಹಿಂಡಿಕೊಂಡಿದ್ದೆ ಎಂಬುದು ಆ ಸಾಲನ್ನು ನೋಡಿದಾಗಲೇ ತಿಳಿದದ್ದು. ನಡುವಿನ ಕಾಲಂನಲ್ಲಿ ಬರೆದ ಕೆಲಸ ಹತ್ತು ನಿಮಿಷದಲ್ಲಿ ಆಗುವಂಥದ್ದೇ ಇರಬೇಕು. "ಧೈರ್ಯವಾಗಿರುವುದು" ಎಂದು ಬರೆದರೆ ಗೆರೆ ಹಾಕಿದ್ದು ದಂಡ.

ಐದು ತಿಂಗಳ ಕೊನೆಗೆ ಎಣಿಸಿದೆ. ಸುಮಾರು 210 ಸಾಲುಗಳಲ್ಲಿ ನಿಜವಾದದ್ದು ಇಪ್ಪತ್ತರ ಆಸುಪಾಸು. ಅದರಲ್ಲೂ ನಾನು ಹೆದರಿದಷ್ಟು ಕೆಟ್ಟದಾಗಿ ಮುಗಿದದ್ದು ಐದೋ ಆರೋ. ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಓದಿದ್ದು ಆಮೇಲೆ. ಸದಾ ಚಿಂತೆಯೇ ಕಾಡುವ ಆತಂಕದ ಕಾಯಿಲೆಯಿದ್ದ 29 ಮಂದಿಯಿಂದ ಅವರೂ ಹೀಗೇ ಚಿಂತೆ ಬರೆಸಿ ಕಾದು ನೋಡಿದ್ದರು, ಶೇ. 91ರಷ್ಟು ನಿಜವಾಗಲಿಲ್ಲ. ನನ್ನ ಸ್ಟೂಲಿನ ಲೆಕ್ಕ ಅವರ ಲೆಕ್ಕಕ್ಕೆ ಇಷ್ಟು ಹತ್ತಿರ ಬಂದದ್ದು ಕಂಡು ಆ ದಿನವೆಲ್ಲ ಖುಷಿಯಲ್ಲಿದ್ದೆ.

ಹದಿನೈದನೇ ನಿಮಿಷದಲ್ಲಿ ನನ್ನನ್ನು ನಾನೇ ಕೇಳಿಕೊಂಡು ಏಳುವ ಪ್ರಶ್ನೆಯೊಂದಿದೆ. ಅದನ್ನು ಯಾರಿಗೂ ಹೇಳಿಲ್ಲ, ಇಲ್ಲೂ ಹೇಳುವುದಿಲ್ಲ. ಅಕ್ಕ ಎಷ್ಟು ಕೇಳಿದರೂ ಬಾಯಿ ಬಿಟ್ಟಿಲ್ಲ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಮಧ್ಯಾಹ್ನ ಹನ್ನೆರಡರ ಮೇಲೆ ಕಾಫಿ ಬಿಟ್ಟೆ. ಕುಡಿದ ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು, ಸಂಜೆಯ ಕಾಫಿ ನಡುರಾತ್ರಿಯಲ್ಲೂ ಒಳಗೆ ಎಚ್ಚರವಾಗಿರುತ್ತದೆ. ವಾರಕ್ಕೆ ಐದು ರಾತ್ರಿ ಮೂರಕ್ಕೆ ಏಳುತ್ತಿದ್ದವಳು ಮೂರು ರಾತ್ರಿಗೆ ಇಳಿದೆ. ಮೀಟಿಂಗಿಗೆ ಮುಂಚೆ ಮುಖವನ್ನು ತಣ್ಣೀರಿನಲ್ಲಿ ಅದ್ದಿ ಉಸಿರು ಹಿಡಿದರೆ ಎದೆಬಡಿತ ನಿಜವಾಗಿಯೂ ನಿಧಾನವಾಗುತ್ತದೆ, ಆದರೆ ಹತ್ತು ನಿಮಿಷಕ್ಕಿಂತ ಹೆಚ್ಚು ಬಾಳದು. ಹೃದಯದ ತೊಂದರೆಯಿದ್ದವರು ಇದರ ತಂಟೆಗೆ ಹೋಗಬೇಡಿ. ಎಡಗೈಯಲ್ಲಿ ಬರೆದು ನೋಡಿದೆ, ಏನೂ ಪ್ರಯೋಜನವಿಲ್ಲ. ಏಳರ ಮೇಲೆ ಮೊಬೈಲಿನಲ್ಲಿ ಮೇಲ್ ಬಂದ್ ಮಾಡಿದೆ. ಮೊದಲ ವಾರ ಹಿಂಸೆ ಹೆಚ್ಚಾಯಿತು, ಮೂರನೇ ವಾರಕ್ಕೆ ನೆನಪೇ ಇರಲಿಲ್ಲ.

ಅಭ್ಯಾಸ ಕೂರಲು ನನಗೆ ಎರಡೂವರೆ ತಿಂಗಳು ಹಿಡಿಯಿತು. ಇಪ್ಪತ್ತೊಂದು ದಿನ ಸಾಕು ಎನ್ನುವವರನ್ನು ನಂಬಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಮಂದಿಯ ಮೇಲೆ ನೋಡಿದಾಗ ಸಾಮಾನ್ಯವಾಗಿ 66 ದಿನ ಬೇಕಾಗಿತ್ತು, ಜನರ ನಡುವಿನ ಅಂತರ 18ರಿಂದ 254 ದಿನದವರೆಗೆ. ನಡುವೆ ಒಂದು ದಿನ ತಪ್ಪಿದರೆ ಏನೂ ಕೆಡುವುದಿಲ್ಲ ಎಂದೂ ಕಂಡರು. ನಾನು ತಪ್ಪಿಸಿದ್ದು ಎಂಟೋ ಒಂಬತ್ತೋ ದಿನ.

ಇನ್ನು ಹಣ. ಮೂರನೇ ತಿಂಗಳಿಂದ ನೋಟ್‌ಬುಕ್ಕಿನಲ್ಲಿ ಬಾಸ್ ಕಡಿಮೆಯಾಗಿ ಬೇರೊಂದು ಸಾಲು ಮತ್ತೆ ಮತ್ತೆ ಬರತೊಡಗಿತು: "ಕೆಲಸ ಬಿಟ್ಟರೆ ಏನು ಗತಿ?" ಮಕ್ಕಳಿಗೆ ಗಣಿತ ಹೇಳಿಕೊಡಬೇಕು ಎಂಬ ಆಸೆ ಹಳೆಯದು. ಆಸೆಯ ಮೇಲೆ ಈ ಭಯ ಕೂತಿತ್ತು. ನಡುವಿನ ಕಾಲಂ ತುಂಬಲೇಬೇಕಲ್ಲ, ಹದಿನಾಲ್ಕು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಹರವಿಕೊಂಡೆ. ಸಂಬಳವನ್ನು 100 ಎಂದಿಟ್ಟುಕೊಂಡರೆ ಖರ್ಚು 72. ಆ 72ರಲ್ಲಿ 15ರಷ್ಟು ಕೆಲಸಕ್ಕಾಗಿಯೇ ಆಗುವ ಖರ್ಚು: ಓಡಾಟ, ಬಟ್ಟೆ, ಕೆಟ್ಟ ದಿನದ ರಾತ್ರಿ ಸಮಾಧಾನಕ್ಕೆಂದು ಆರ್ಡರ್ ಮಾಡಿ ಬಿಚ್ಚದೇ ಇಟ್ಟ ಪೊಟ್ಟಣಗಳು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನಾನು ಹಾಸಿಗೆಯನ್ನು ಮೊದಲೇ ಚಿಕ್ಕದು ಮಾಡಿಕೊಂಡು ಮಲಗಿ ನೋಡಿದೆ. ಸಂಬಳ ಬಂದ ದಿನವೇ 45ನ್ನು ಬೇರೆ ಖಾತೆಗೆ ಹಾಕಿ 55ರಲ್ಲಿ ಬದುಕುವುದು. ಎರಡನೇ ತಿಂಗಳಲ್ಲೇ ಬಿದ್ದೆ. ವಿಮೆಯ ವಾರ್ಷಿಕ ಕಂತು, ಗಾಡಿ ರಿಪೇರಿ ಎರಡೂ ಒಟ್ಟಿಗೆ ಬಂದವು. ಲೆಕ್ಕದವಳಾಗಿ ಇದನ್ನು ಬಿಟ್ಟದ್ದು ಇಂದಿಗೂ ಬೇಸರ. ವರ್ಷಕ್ಕೊಮ್ಮೆ ಬರುವ ಖರ್ಚನ್ನೆಲ್ಲ ಕೂಡಿಸಿ ಹನ್ನೆರಡರಿಂದ ಭಾಗಿಸಿದಾಗ 58ಕ್ಕೆ ನಿಂತಿತು. 58ರಲ್ಲಿ ಮೂರು ತಿಂಗಳು ಕಳೆದ ಮೇಲೆ "ಏನು ಗತಿ" ಎಂಬ ಸಾಲು ನೋಟ್‌ಬುಕ್ಕಿನಲ್ಲಿ ಕಾಣಿಸಲೇ ಇಲ್ಲ. ಆ ಗತಿಯಲ್ಲೇ ನಾನು ಆಗಲೇ ಬದುಕುತ್ತಿದ್ದೆನಲ್ಲ!

ದೊಡ್ಡ ನಷ್ಟ ಆಮೇಲೆ ಆಯಿತು. ಉತ್ಸಾಹದಲ್ಲಿ ಹತ್ತು ಮಕ್ಕಳು ಕೂರುವ ಕೋಣೆಯೊಂದಕ್ಕೆ ಮುಂಗಡ ಕೊಟ್ಟುಬಿಟ್ಟೆ. ಅದೇ ತಿಂಗಳು ಪರಿಚಯದವರ ಮನೆಯಲ್ಲಿ ಎಂಟು ಮಕ್ಕಳಿಗೆ ಒಟ್ಟಿಗೆ ಪಾಠ ಮಾಡಿ ನೋಡಿದಾಗ ಅದು ನನ್ನ ಕೈಲಾಗುವ ಕೆಲಸವಲ್ಲ ಎಂದು ಗೊತ್ತಾಯಿತು. ಒಬ್ಬ ಹುಡುಗಿ ಭಿನ್ನರಾಶಿ ಕಂಡರೆ ಪೆನ್ಸಿಲ್ ಕೆಳಗಿಟ್ಟು ಕೈಯನ್ನು ತೊಡೆಯ ಕೆಳಗೆ ಅಡಗಿಸಿಕೊಳ್ಳುತ್ತಿದ್ದಳು. ಗುಂಪಿನಲ್ಲಿ ಅವಳನ್ನು ಮುಟ್ಟಲು ಆಗಲಿಲ್ಲ. ಒಬ್ಬಳನ್ನೇ ಕೂರಿಸಿಕೊಂಡಾಗ ನಾಲ್ಕನೇ ದಿನಕ್ಕೆ ಆ ಕೈ ಮೇಜಿನ ಮೇಲೆ ಬಂತು. ನನ್ನ ಕೆಲಸ ಇದೇ ಎಂದು ಅವತ್ತೇ ಗೊತ್ತಾಯಿತು. ಕೋಣೆ ಬಿಟ್ಟೆ, ಮುಂಗಡದಲ್ಲಿ ಅರ್ಧ ವಾಪಸು ಬರಲಿಲ್ಲ. ಸುಮಾರು ಅರ್ಧ ತಿಂಗಳ ಸಂಬಳ. ಕೋಣೆಯ ಮುಂಗಡ ಮೊದಲು, ಪಾಠ ಆಮೇಲೆ ಎಂದು ಹೋದದ್ದೇ ತಪ್ಪು. ವಾರಕ್ಕೆರಡು ಸಂಜೆ ಒಂದು ಮಗುವಿನಿಂದ ಶುರು ಮಾಡಿದ್ದರೆ ಇದು ಪುಕ್ಕಟೆ ತಿಳಿಯುತ್ತಿತ್ತು.

ಧೈರ್ಯ ಬಂದಾಗ ಬಿಡುತ್ತೇನೆ ಎಂದು ಕೂತರೆ ಅದು ಬರುವುದಿಲ್ಲ. ಮೂರು ಷರತ್ತು ಬರೆದಿಟ್ಟೆ: ಒಂಬತ್ತು ತಿಂಗಳ ಖರ್ಚು ಕೈಲಿರಬೇಕು, ನಾಲ್ಕು ತಿಂಗಳು ಸತತ 58 ಮೀರಬಾರದು, ಪಾಠದಿಂದ ಎರಡು ತಿಂಗಳು ಸತತ 25 ಬರಬೇಕು. ಹನ್ನೆರಡು ತಿಂಗಳು ಅಂದುಕೊಂಡದ್ದು ಹತ್ತೊಂಬತ್ತಾಯಿತು. ಕೊನೆಯ ಷರತ್ತು ತೀರಿದ ಸಂಜೆ ರಾಜೀನಾಮೆ ಬರೆದೆ, ಆರು ಸಾಲು. ಒಮ್ಮೆ ರಾತ್ರಿ ಎರಡಕ್ಕೆ ಸಿಟ್ಟಿನಲ್ಲಿ ಬರೆದಿಟ್ಟಿದ್ದ ಹಳೆಯ ರಾಜೀನಾಮೆ ಎರಡೂವರೆ ಪುಟವಿತ್ತು. ನೋಟಿಸ್ ಅವಧಿಯನ್ನು ಅರ್ಧಕ್ಕೆ ಇಳಿಸಿಕೊಂಡ ಮಾತುಕತೆ ಹೇಗೆ ನಡೆಯಿತು ಎಂಬುದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಈಗಿನ ಆದಾಯ ಹಳೆಯ ಸಂಬಳದ 60ರಿಂದ 65ರವರೆಗೆ, ಖರ್ಚು 52ರ ಹತ್ತಿರ. ಬೇಸಿಗೆ ರಜೆಯ ಎರಡು ತಿಂಗಳು ಮಾತ್ರ 30ಕ್ಕಿಳಿಯುತ್ತದೆ, ಅದಕ್ಕೆ ವರ್ಷವಿಡೀ ಎತ್ತಿಡುತ್ತೇನೆ. ಆತಂಕ ಪೂರ್ತಿ ಹೋಗಿಲ್ಲ. ಪರೀಕ್ಷೆಯ ಹೊತ್ತಿನಲ್ಲಿ ಜೇಬಲ್ಲಿ ನಾಲ್ಕೈದು ಚೀಟಿ ಸೇರುತ್ತವೆ, ಈಗ ಅವುಗಳ ಮೇಲಿರುವುದು ಮಕ್ಕಳ ಹೆಸರು. ಐದೂವರೆಗೆ ಪಾಠ ಶುರುವಾಗುವುದರಿಂದ ಸ್ಟೂಲಿನ ಹೊತ್ತನ್ನು ಮಧ್ಯಾಹ್ನ ಒಂದೂವರೆಗೆ ಬದಲಿಸಿ ಮೂರು ವಾರವಾಯಿತು. ಆ ಅಭ್ಯಾಸ ಇನ್ನೂ ಕೂತಿಲ್ಲ. ಐದೂವರೆಯಾದರೆ ಸಾಕು, ಕೈ ತಾನಾಗಿ ಜೇಬಿಗೆ ಹೋಗುತ್ತದೆ.