ಐದು ಕಿಲೋ ಲೆಕ್ಕ: ಕೌಬಾಯ್ ಶೂಟಿಂಗ್ ಪಂದ್ಯಕ್ಕೆ ತೋಟಾ ತುಂಬಿ ಹೊರಡುವುದು ಹೇಗೆ

ಅಮೆರಿಕದಲ್ಲಿ ಕೌಬಾಯ್ ಆಕ್ಷನ್ ಶೂಟಿಂಗ್ ಪಂದ್ಯಕ್ಕೆ ಮನೆಯಲ್ಲೇ ತುಂಬಿದ ತೋಟಾ ಹಿಡಿದು ವಿಮಾನದಲ್ಲಿ ಹೋಗುವವರು ಟಿಕೆಟ್ ಕೊಳ್ಳುವ ಮೊದಲು ತಕ್ಕಡಿ ಹಿಡಿಯಬೇಕು. ಅಲ್ಲಿನ ಬಹುತೇಕ ವಿಮಾನ ಕಂಪನಿಗಳು ಒಬ್ಬ ಪ್ರಯಾಣಿಕರಿಗೆ 11 ಪೌಂಡ್, ಅಂದರೆ 5 ಕಿಲೋ ತೋಟಾ ಮಾತ್ರ ಬಿಡುತ್ತವೆ. ಯಾವ ಗುಂಡು, ಎಷ್ಟು ತೋಟಾ, ಯಾವುದನ್ನು ಅಲ್ಲೇ ಕೊಳ್ಳುವುದು ಎಂಬುದನ್ನೆಲ್ಲ ಈ ಐದು ಕಿಲೋ ತೀರ್ಮಾನಿಸುತ್ತದೆ.

ಹೊಸಬರಿಗೆ ಎರಡು ಮಾತು. ಹಳೇ ಕೌಬಾಯ್ ಕಾಲದ ಮಾದರಿಯ ಕೋವಿಗಳಿಂದ ಆದಷ್ಟು ಬೇಗ ಗುರಿ ಹೊಡೆದು ಮುಗಿಸುವ, 1980ರ ದಶಕದ ಆರಂಭದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಆಟವಿದು. ನಿಯಮಗಳನ್ನು ನೋಡಿಕೊಳ್ಳುವ ಸಿಂಗಲ್ ಆಕ್ಷನ್ ಶೂಟಿಂಗ್ ಸೊಸೈಟಿ, ಎಲ್ಲರ ಬಾಯಲ್ಲಿ ‘ಸಾಸ್’, 1987ರಲ್ಲಿ ಶುರುವಾಯಿತು. ಪ್ರತಿಯೊಬ್ಬರ ಬಳಿ ನಾಲ್ಕು ಕೋವಿ: ಎರಡು ಸಿಂಗಲ್ ಆಕ್ಷನ್ ರಿವಾಲ್ವರ್ (ಪ್ರತಿ ಈಡಿಗೂ ಹೆಬ್ಬೆರಳಿನಿಂದ ಕುದುರೆ ಎಳೆಯುವಂಥದ್ದು), ಒಂದು ಲಿವರ್ ರೈಫಲ್ (ಕೆಳಗಿನ ಹಿಡಿ ಆಡಿಸಿ ತೋಟಾ ಏರಿಸುವಂಥದ್ದು), ಒಂದು ಹಳೇ ಮಾದರಿಯ ಶಾಟ್‌ಗನ್. ಒಂದು ಸ್ಟೇಜಿಗೆ, ಅಂದರೆ ಪಂದ್ಯದ ಒಂದು ಸುತ್ತಿಗೆ, ಸಾಮಾನ್ಯವಾಗಿ ರಿವಾಲ್ವರಿನಿಂದ 10, ರೈಫಲಿನಿಂದ 10, ಶಾಟ್‌ಗನ್ನಿನಿಂದ ನಾಲ್ಕಾರು ಈಡು. ಅಂಕ ಎಂದರೆ ಸೆಕೆಂಡು. ತಪ್ಪಿದ ಒಂದೊಂದು ಗುರಿಗೂ 5 ಸೆಕೆಂಡು ಸೇರುತ್ತದೆ. ಹಳೇ ಕಾಲದ ಉಡುಪು ಮತ್ತು ಬೇರಾರೂ ಇಟ್ಟುಕೊಂಡಿರದ ಅಡ್ಡಹೆಸರು ಕಡ್ಡಾಯ. ಉಡುಪೇ ಅರ್ಧ ಸೂಟ್‌ಕೇಸ್ ತಿನ್ನುತ್ತದೆ, ಅದನ್ನೂ ನೆನಪಿಡಿ.

ಈಗ ತೂಕ. .38 ಸ್ಪೆಷಲ್ ಅಳತೆಯ ಕೇಸಿನಲ್ಲಿ (ತೋಟಾದ ಲೋಹದ ಕವಚ) 125 ಗ್ರೇನ್, ಅಂದರೆ ಸುಮಾರು 8 ಗ್ರಾಂ, ಸೀಸದ ಗುಂಡು ಕೂರಿಸಿದ ತೋಟಾ ಸುಮಾರು 13 ಗ್ರಾಂ ತೂಗುತ್ತದೆ. 7/8 ಔನ್ಸ್ ಚರೆ ತುಂಬಿದ, ಶಾಟ್‌ಗನ್ನಿನ 12 ಗೇಜ್ ತೋಟಾ ಸುಮಾರು 40 ಗ್ರಾಂ. ಹತ್ತು ಸ್ಟೇಜಿನ ಪಂದ್ಯಕ್ಕೆ ರಿವಾಲ್ವರು ರೈಫಲು ಸೇರಿ 200 ಬೇಕು, ಅದು 2.6 ಕಿಲೋ. ಶಾಟ್‌ಗನ್ನಿಗೆ 50 ಎಂದರೆ 2 ಕಿಲೋ. ಒಟ್ಟು 4.6. ಡಬ್ಬಿಗಳ ತೂಕವನ್ನೂ ಹಾಕಿದರೆ ಹೆಚ್ಚುವರಿ ತೋಟಾಕ್ಕೆ ಜಾಗವೇ ಉಳಿಯುವುದಿಲ್ಲ. ಅದೇ .45 ಕೋಲ್ಟ್‌ನಲ್ಲಿ 200 ಗ್ರೇನ್ ಗುಂಡಾದರೆ ಒಂದೊಂದೂ ಸುಮಾರು 20 ಗ್ರಾಂ. ಇನ್ನೂರಕ್ಕೇ 4 ಕಿಲೋ, ಚರೆ ತೋಟಾ ಸೇರಿದರೆ 6. ಕೌಂಟರಿನಲ್ಲಿ ಒಂದು ಕಿಲೋ ಬಿಟ್ಟು ಹೋಗಬೇಕಾದ ಪರಿಸ್ಥಿತಿ.

ಸುಲಭದ ದಾರಿ, ಚರೆ ತೋಟಾವನ್ನು ಪಂದ್ಯದ ಊರಿನಲ್ಲೇ ಕೊಳ್ಳುವುದು. ಸಾಮಾನ್ಯ ಟಾರ್ಗೆಟ್ ತೋಟಾ ಸಾಕು. ಚರೆ 4ನೇ ನಂಬರ್ ಅಥವಾ ಅದಕ್ಕಿಂತ ಸಣ್ಣದಿರಬೇಕು, ಅಷ್ಟೆ. ಎರಡನೆಯ ದಾರಿ, ಗುಂಡನ್ನು 105 ಗ್ರೇನ್‌ಗೆ ಇಳಿಸುವುದು: ಇನ್ನೂರಕ್ಕೆ ಕಾಲು ಕಿಲೋ ಉಳಿತಾಯ. ಅಂಚೆಯಲ್ಲಿ ಮುಂಚಿತವಾಗಿ ಕಳಿಸುವ ಯೋಚನೆ ಬೇಡ, ಅಮೆರಿಕದ ಅಂಚೆ ಇಲಾಖೆ ತೋಟಾ ಸ್ವೀಕರಿಸುವುದೇ ಇಲ್ಲ. ಬಿಡಿ ಮದ್ದು, ಕಪ್ಪು ಮದ್ದು, ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಕೇಪು) ಇವು ವಿಮಾನದಲ್ಲಿ ಕೈಚೀಲಕ್ಕೂ ಇಲ್ಲ, ಲಗೇಜಿಗೂ ಇಲ್ಲ. ಹಾಗಾಗಿ ಹೋದಲ್ಲಿ ತುಂಬಿಕೊಳ್ಳೋಣ ಎನ್ನುವುದು ಕಾರಿನಲ್ಲಿ ಹೋಗುವವರಿಗೆ ಮಾತ್ರ.

ಮೊದಲು ಕಾಗದ

ಕನ್ನಡಿಗರಲ್ಲಿ ಬಹಳ ಮಂದಿ ಎಚ್-1ಬಿ, ಎಲ್-1, ಎಫ್-1 ವೀಸಾದಲ್ಲಿರುವುದರಿಂದ ಇದನ್ನು ಒತ್ತಿ ಹೇಳಬೇಕು. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ವಲಸೆಯೇತರ ವೀಸಾದವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಒಂದೇ ಒಂದು ತೋಟಾ ಜೇಬಿನಲ್ಲಿದ್ದರೂ ಅಪರಾಧವೇ. ಕೆಲವು ವಿನಾಯಿತಿಗಳಿವೆ. ಅದರಲ್ಲಿ ಹೆಚ್ಚು ಬಳಕೆಯಾಗುವುದು, ಅಲ್ಲಿನ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ. ಹೊರದೇಶದಿಂದ ಪಂದ್ಯಕ್ಕೆಂದೇ ಕೋವಿ ತರುವವರು ಮೊದಲೇ 6ಎನ್ಐಎ ಎಂಬ ಫಾರಂ ತುಂಬಿ ಅನುಮತಿ ಪಡೆದಿರಬೇಕು. ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿಷೇಧವಿಲ್ಲ, ರಾಜ್ಯಗಳ ನಿಯಮ ಮಾತ್ರ ಬೇರೆ ಬೇರೆ. ವೀಸಾ ಬಲ್ಲ ವಕೀಲರನ್ನು ಕೇಳಿಯೇ ಮುಂದುವರಿಯಿರಿ, ಗೆಳೆಯರ ಮಾತು ನಂಬಿ ಅಲ್ಲ.

ಇನ್ನು ಇದನ್ನು ಓದಿ ಊರಲ್ಲೂ ಮಾಡೋಣ ಎನಿಸಿದರೆ: ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಕೊಡಗಿನವರಿಗಿರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ, ತಯಾರಿಕೆಗಲ್ಲ.

ತುಂಬುವ ಮೇಜು

ಸಾಸ್ ನಿಯಮ ಮೊದಲು ತಿಳಿದಿರಲಿ. ಗುಂಡು ಸೀಸದ್ದೇ ಆಗಿರಬೇಕು, ತಾಮ್ರದ ಹೊದಿಕೆಯದ್ದು ನಡೆಯದು. ರಿವಾಲ್ವರಿನಿಂದ ಸೆಕೆಂಡಿಗೆ 1000 ಅಡಿ, ರೈಫಲಿನಿಂದ 1400 ಅಡಿ ವೇಗ ಮೀರಬಾರದು. 400 ಅಡಿಗಿಂತ ಕೆಳಗೂ ಇಳಿಯಬಾರದು. ಗುಂಡಿನ ಗ್ರೇನ್ ತೂಕವನ್ನು ವೇಗದಿಂದ ಗುಣಿಸಿ 1000ದಿಂದ ಭಾಗಿಸಿದರೆ 60 ಆದರೂ ಬರಬೇಕು. 105 ಗ್ರೇನ್ ಗುಂಡು 700 ಅಡಿ ವೇಗದಲ್ಲಿ ಹೋದರೆ 73.5, ನೆಮ್ಮದಿ. ಹಗುರ ಗುಂಡಿನ ಜತೆ ಮದ್ದನ್ನೂ ಕಡಿಮೆ ಮಾಡುತ್ತಾ ಹೋಗುವ ಚಟವಿರುವವರು ಗುಂಡಿನ ವೇಗ ಅಳೆಯುವ ಕ್ರೊನೊಗ್ರಾಫ್ ಇಟ್ಟು ನೋಡಲಿ. ಚಳಿಯ ಬೆಳಗ್ಗೆ ಅದೇ ತೋಟಾ ಇನ್ನಷ್ಟು ಸೋಮಾರಿಯಾಗುತ್ತದೆ.

ಮದ್ದಿನ ಪ್ರಮಾಣವನ್ನು ಇಲ್ಲಿ ಬರೆದಿಲ್ಲ, ಬೇಕೆಂದೇ. ಮದ್ದು ತಯಾರಿಸುವ ಕಂಪನಿ ಆ ಗುಂಡಿನ ತೂಕಕ್ಕೆ ಪ್ರಕಟಿಸಿರುವ ಅಂಕಿಯನ್ನೇ ತೆಗೆದುಕೊಳ್ಳಿ, ಆರಂಭದ ಪ್ರಮಾಣದಿಂದಲೇ ಹೊರಡಿ. ಮೇಜಿನ ಮೇಲೆ ಒಂದೇ ಡಬ್ಬಿ ಮದ್ದು ಇರಲಿ. ಎರಡಿದ್ದರೆ ಒಂದು ದಿನ ತಪ್ಪು ಡಬ್ಬಿಗೆ ಕೈ ಹೋಗಿಯೇ ಹೋಗುತ್ತದೆ.

ಕ್ರಮ ಇದು. ಕೇಸುಗಳನ್ನು ತೊಳೆದು ಒಣಗಿಸಿ, ಬಾಯಿ ಸೀಳಿದ್ದನ್ನು ಎಸೆಯಿರಿ. ತೋಟಾ ತುಂಬುವ ಯಂತ್ರವಾದ ಪ್ರೆಸ್‌ಗೆ ಕಾರ್ಬೈಡ್ ಡೈ, ಅಂದರೆ ಗಟ್ಟಿ ಅಚ್ಚು, ಹಾಕಿ ಒತ್ತಿದರೆ ಕೇಸು ಅಳತೆಗೆ ಬಂದು ಹಳೇ ಪ್ರೈಮರ್ ಕಳಚುತ್ತದೆ. ಹೊಸ ಪ್ರೈಮರ್ ಕೂರಿಸಿ. ಕೇಪಿನ ಕೋವಿ ಕಂಡವರಿಗೆ ವಿವರಣೆ ಬೇಡ: ಅದೇ ಕೇಪು, ಇಲ್ಲಿ ಕೇಸಿನ ಬುಡದೊಳಗೆ ಕೂರುತ್ತದೆ. ಬೆರಳಾಡಿಸಿದರೆ ಅದು ಬುಡದ ಮಟ್ಟಕ್ಕಿಂತ ಕೂದಲೆಳೆಯಷ್ಟು ಒಳಗಿರಬೇಕು. ಹೊರಗೆ ಚಾಚಿದರೆ ರಿವಾಲ್ವರಿನ ಸಿಲಿಂಡರ್ ಉಜ್ಜಿ ನಿಲ್ಲುತ್ತದೆ, ರೈಫಲಿನಲ್ಲಂತೂ ಅಪಾಯ. ಆಮೇಲೆ ಕೇಸಿನ ಬಾಯಿಯನ್ನು ತುಸು ಅರಳಿಸಿ, ಮದ್ದು ಹಾಕಿ, ಗುಂಡು ಕೂರಿಸಿ, ಕೊನೆಗೆ ಕ್ರಿಂಪ್, ಅಂದರೆ ಕೇಸಿನ ಬಾಯಿಯನ್ನು ಗುಂಡಿನ ಮೇಲೆ ಬಿಗಿಯಾಗಿ ಒತ್ತುವುದು.

ಎಡವುವುದು ಮದ್ದು ಹಾಕುವಲ್ಲಿ. ವೇಗವಾಗಿ ಉರಿಯುವ ಮದ್ದು .38ರ ಉದ್ದನೆ ಕೇಸಿನಲ್ಲಿ ಅರ್ಧವೂ ತುಂಬುವುದಿಲ್ಲ. ಎರಡು ಸಲ ಬಿದ್ದರೂ ಕೇಸು ಉಕ್ಕದು, ಗೊತ್ತೇ ಆಗದು. ಕೋವಿ ಸಿಡಿದಾಗಲೇ ಗೊತ್ತಾಗುವುದು. ಪ್ಲೇಟನ್ನು ಕೈಯಲ್ಲಿ ತಿರುಗಿಸುವ ಡಿಲನ್ 550ಯಂಥ ಪ್ರೆಸ್‌ನಲ್ಲಿ ಮಾತಿನ ಮಧ್ಯೆ ತಿರುಗಿಸಲು ಮರೆತರೆ ಆಗುವುದು ಇದೇ. ಮೇಲಿಂದ ದೀಪ ಹಾಕಿಕೊಂಡು ಗುಂಡು ಇಡುವ ಮೊದಲು ಪ್ರತಿ ಕೇಸಿನೊಳಗೂ ಇಣುಕಿ. ಮೊದಲ ಹತ್ತನ್ನು ಒಂದೊಂದಾಗಿ ತೂಗಿ, ಆಮೇಲೆ 25ಕ್ಕೊಂದು. ಮಧ್ಯೆ ಫೋನ್ ಬಂದರೆ ಪ್ರೆಸ್ ಮೇಲಿದ್ದ ಕೇಸುಗಳನ್ನೆಲ್ಲ ಖಾಲಿ ಮಾಡಿ ಹೊಸದಾಗಿ ಶುರು ಮಾಡಿ.

ತದ್ವಿರುದ್ಧ ತಪ್ಪು, ಮದ್ದೇ ಬೀಳದಿರುವುದು. ಪ್ರೈಮರ್ ಒಂದರ ಬಲಕ್ಕೇ ಗುಂಡು ಹೊರಟು ನಳಿಗೆಯ ನಡುವೆ ಸಿಕ್ಕಿಕೊಳ್ಳುತ್ತದೆ. ಪಂದ್ಯದ ಗಡಿಬಿಡಿಯಲ್ಲಿ ಅದರ ಹಿಂದೆಯೇ ಇನ್ನೊಂದು ಹೊಡೆದರೆ ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ. ಸದ್ದು ಮೆತ್ತಗೆ ಕೇಳಿದರೆ, ಕೈಗೆ ಒದೆತ ಹತ್ತದಿದ್ದರೆ, ಅಲ್ಲೇ ನಿಲ್ಲಿಸಿ.

ರೈಫಲ್ ಕೇಳುವುದು ಉದ್ದವನ್ನು. ಪಂದ್ಯಗಳಲ್ಲಿ ಹೆಚ್ಚು ಕಾಣುವ 1873 ಮಾದರಿಯಲ್ಲಿ ತೋಟಾವನ್ನು ಎತ್ತಿ ಕೊಡುವ ಕ್ಯಾರಿಯರ್‌ನಲ್ಲಿ ಒಂದಕ್ಕಷ್ಟೇ ಜಾಗ. ಗಿಡ್ಡವಾದರೆ ಮ್ಯಾಗಜಿನ್‌ನಲ್ಲಿ (ನಳಿಗೆಯ ಕೆಳಗಿನ ತೋಟಾ ಕೊಳವೆ) ಕಾಯುತ್ತಿರುವ ಮುಂದಿನ ತೋಟಾದ ಅಂಚು ಒಳನುಗ್ಗಿ ಕ್ಯಾರಿಯರ್ ಮೇಲೇಳದು; ಉದ್ದವಾದರೆ ಒಳಗೆ ಬಾರದು. .38 ಸ್ಪೆಷಲ್‌ನ ಗರಿಷ್ಠ ಉದ್ದ 1.55 ಇಂಚು. ಅದರೊಳಗೆ ನಿಮ್ಮ ರೈಫಲಿಗೆ ಒಗ್ಗುವುದು ಯಾವುದೆಂದು ತಿಳಿಯಲು ಮದ್ದು, ಪ್ರೈಮರ್ ಎರಡೂ ಇಲ್ಲದ ಹತ್ತು ಡಮ್ಮಿ ಮಾಡಿ ಲಿವರ್ ಆಡಿಸಿ. ಕ್ರಿಂಪ್ ಸಡಿಲವಿದ್ದರೆ ಮ್ಯಾಗಜಿನ್ ಸ್ಪ್ರಿಂಗಿನ ಒತ್ತಡಕ್ಕೆ ಗುಂಡು ಕೇಸಿನೊಳಕ್ಕೆ ಜಾರುತ್ತದೆ. ಆಗ ತೋಟಾ ಗಿಡ್ಡವಾಗಿ ಸಿಕ್ಕಿಕೊಳ್ಳುವುದಲ್ಲದೆ ಒತ್ತಡವೂ ಏರುತ್ತದೆ. ಕೂರಿಸುವುದಕ್ಕೂ ಕ್ರಿಂಪಿಗೂ ಬೇರೆ ಬೇರೆ ಡೈ ಇಟ್ಟರೆ ಈ ತಾಪತ್ರಯ ಕಡಿಮೆ. ಗುಂಡಿನ ಮೂತಿ ಚಪ್ಪಟೆಯೇ ಇರಲಿ. ಕೊಳವೆ ಮ್ಯಾಗಜಿನ್‌ನಲ್ಲಿ ಪ್ರತಿ ಗುಂಡಿನ ತುದಿಯೂ ಮುಂದಿನ ತೋಟಾದ ಪ್ರೈಮರಿಗೆ ತಾಗಿ ನಿಂತಿರುತ್ತದೆ. ಚೂಪಾಗಿದ್ದರೆ ಒಂದು ಏಟಿಗೆ ಅದೇ ಸೂಜಿಯಾದೀತು.

ಕೆಲಸ ಮುಗಿಸಿ ಕೈ ತೊಳೆಯದೆ ತಿಂಡಿ ಮುಟ್ಟಬೇಡಿ. ಗುಂಡಿನಲ್ಲಿ ಮಾತ್ರವಲ್ಲ, ಸುಟ್ಟ ಪ್ರೈಮರಿನ ದೂಳಿನಲ್ಲೂ ಸೀಸವಿರುತ್ತದೆ.

ಪೆಟ್ಟಿಗೆ, ಕೌಂಟರ್, ಕಾರು

ಕೋವಿ ಹೋಗುವುದು ಗಟ್ಟಿ ಪೆಟ್ಟಿಗೆಯಲ್ಲಿ, ಖಾಲಿಯಾಗಿ, ಬೀಗ ಹಾಕಿ, ಚೆಕ್-ಇನ್ ಲಗೇಜಿನಲ್ಲಿ ಮಾತ್ರ. ಮೂಲೆ ಹಿಡಿದು ಎಳೆದರೆ ಸಂದು ಬಿಡುವ ಪೆಟ್ಟಿಗೆ ನಡೆಯುವುದಿಲ್ಲ, ಬೀಗದ ತೂತು ಎಷ್ಟಿದೆಯೋ ಅಷ್ಟಕ್ಕೂ ಬೀಗ ಹಾಕಿ. ಜೋಡಿ ನಳಿಗೆ ಕೋವಿಯನ್ನು ಬಿಚ್ಚಿ ಎರಡು ತುಂಡು ಮಾಡಿದರೆ ರೈಫಲಿನ ಪಕ್ಕ ಕೂರುತ್ತದೆ. ನಾಲ್ಕೂ ಸೇರಿ ಸುಮಾರು 9 ಕಿಲೋ, ಪೆಟ್ಟಿಗೆಯದ್ದೇ ಇನ್ನೊಂದು 6ರಿಂದ 8. ಸಾಮಾನ್ಯ ಮಿತಿಯಾದ 23 ಕಿಲೋ ದಾಟದಂತೆ ಚರ್ಮದ ಪಟ್ಟಿ, ಬೂಟುಗಳನ್ನು ಬೇರೆ ಚೀಲಕ್ಕೆ ಹಾಕಿ. ತೋಟಾ ಸಡಿಲವಾಗಿ ಅಲ್ಲ, ಡಬ್ಬಿಯಲ್ಲೇ ಇರಬೇಕು.

ಕೌಂಟರಿನಲ್ಲಿ ಮೆಲುದನಿಯಲ್ಲಿ ‘ಖಾಲಿ ಕೋವಿ ಲಗೇಜಿಗೆ ಹಾಕಬೇಕಿದೆ’ ಎಂದು ಹೇಳಿ. ಅವರು ಕೊಡುವ ಚೀಟಿಗೆ ಸಹಿ ಹಾಕಿ ಪೆಟ್ಟಿಗೆಯೊಳಗೆ ಇಡಿ. ಬೀಗದ ಕೈ ನಿಮ್ಮಲ್ಲೇ ಇರಲಿ; ತಪಾಸಣೆ ಮುಗಿದಿದೆ ಎನ್ನುವವರೆಗೆ ಅಲ್ಲಿಂದ ಕದಲಬೇಡಿ. ಆ ಕಂಪನಿಯ ನಿಯಮದ ಪುಟವನ್ನು ಮುದ್ರಿಸಿ ಇಟ್ಟುಕೊಳ್ಳಿ, ಕೌಂಟರಿನವರಿಗೇ ನಿಯಮ ಗೊತ್ತಿಲ್ಲದ ದಿನಗಳುಂಟು.

ನ್ಯೂಜೆರ್ಸಿ, ನ್ಯೂಯಾರ್ಕ್ ಮೂಲಕ ವಿಮಾನ ಬದಲಿಸುವ ಟಿಕೆಟ್ ತಪ್ಪಿಸಿ. ವಿಮಾನ ತಪ್ಪಿ ರಾತ್ರಿ ಉಳಿಯಬೇಕಾಗಿ ಪೆಟ್ಟಿಗೆ ನಿಮ್ಮ ಕೈಗೆ ಬಂದರೆ, ಅಲ್ಲಿನ ಕಾನೂನು ನಿಮಗೆ ತಗಲುತ್ತದೆ. 1986ರ ಕೇಂದ್ರ ಕಾನೂನು ಎರಡು ರಾಜ್ಯಗಳ ನಡುವೆ ಸಾಗುವವರಿಗೆ ರಕ್ಷಣೆ ಕೊಡುತ್ತದೆ, ಆದರೆ ಹೊರಟಲ್ಲೂ ತಲುಪುವಲ್ಲೂ ಆ ಕೋವಿ ಕಾನೂನುಬದ್ಧವಾಗಿರಬೇಕು. ಕಾರಿನಲ್ಲಾದರೆ ಕೋವಿ ಖಾಲಿಯಿದ್ದು, ಅದೂ ತೋಟಾವೂ ಡಿಕ್ಕಿಯಲ್ಲಿರಲಿ. ಡಿಕ್ಕಿ ಇಲ್ಲದ ಗಾಡಿಯಲ್ಲಿ ಬೀಗ ಹಾಕಿದ ಪೆಟ್ಟಿಗೆಯಲ್ಲಿ. ಡ್ಯಾಶ್‌ಬೋರ್ಡಿನ ಗೂಡಿಗೆ ಬೀಗವಿದ್ದರೂ ಅದು ಲೆಕ್ಕಕ್ಕಿಲ್ಲ.

ದೊಡ್ಡ ಪಂದ್ಯಗಳು ಸಾಮಾನ್ಯವಾಗಿ ಬಿದ್ದ ಕೇಸು ಹೆಕ್ಕಲು ಬಿಡುವುದಿಲ್ಲ, ಸಮಯ ಸಾಲದು. ಆದ್ದರಿಂದ ನಾಲ್ಕಾರು ಸಲ ತುಂಬಿ ಹಳತಾದ, ಆದರೆ ಬಾಯಿ ಸೀಳದ ಕೇಸುಗಳನ್ನೇ ಪ್ರಯಾಣಕ್ಕೆ ಎತ್ತಿಡಿ. ಹೊಸದನ್ನು ಊರಿನ ಪಂದ್ಯಕ್ಕೆ ಉಳಿಸಿ.

ವಾಪಸ್ ಹೊರಡುವ ಹಿಂದಿನ ರಾತ್ರಿ ಸೊಂಟಪಟ್ಟಿಯ ಪ್ರತಿ ಕುಣಿಕೆ, ವೇಸ್ಟ್‌ಕೋಟಿನ ಪ್ರತಿ ಜೇಬು, ಬೂಟಿನೊಳಗೆ ಕೂಡ ಕೈ ಹಾಕಿ ನೋಡಿ. ಒಂದು ಚರೆ ತೋಟಾ ಎಲ್ಲೋ ಉಳಿದಿರುತ್ತದೆ. ರೇಂಜಿಗೆ ಒಯ್ದ ಚೀಲವನ್ನು ವಿಮಾನದ ಕೈಚೀಲವಾಗಿ ಎಂದೂ ಬಳಸಬೇಡಿ.