ವಿಗ್ ಕೊಳ್ಳುವ ಮುನ್ನ ಮಗುಚಿ ನೋಡಿ

ಮೈಸೂರಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಮದುಮಗಳ ಅಲಂಕಾರ ಮಾಡುತ್ತಿದ್ದೇನೆ. ಚೌಲಿ ಕಟ್ಟುವುದು, ಮೊಗ್ಗಿನ ಜಡೆ ಕೂರಿಸುವುದು ನನಗೆ ನೀರು ಕುಡಿದಷ್ಟು ಸಲೀಸು. ಆದರೂ ಸ್ತನ ಕ್ಯಾನ್ಸರಿಗೆ ಕೀಮೋ ಶುರುವಾಗಿ ನನಗೇ ವಿಗ್ ಬೇಕಾದಾಗ ತಪ್ಪು ಮಾಡಿದೆ. ಅಂಗಡಿಯಲ್ಲಿ ತೂಗುಹಾಕಿದ್ದ ಉದ್ದ ಕೂದಲಿನ ಹೊಳಪಿಗೆ ಮನಸೋತು, ತಲೆಗೆ ಹಾಕಿ ನೋಡದೆ ತಂದುಬಿಟ್ಟೆ. ಮನೆಯಲ್ಲಿ ಹಾಕಿಕೊಂಡು ಅರ್ಧ ಗಂಟೆಯಾಗುವಷ್ಟರಲ್ಲಿ ನೆತ್ತಿ ಉರಿಯತೊಡಗಿತು. ಮಗುಚಿ ನೋಡಿದರೆ ಒಳಗೆಲ್ಲ ಗಡಸು ನೈಲಾನ್ ಹೊಲಿಗೆ. ಎರಡೂ ಕಿವಿಗಳ ಹಿಂದೆ ಕೆಂಪು ಗೀರು ಎದ್ದಿತ್ತು. ಈಗ ಯಾರೇ ಸಲಹೆ ಕೇಳಿ ಬಂದರೂ ನಾನು ಮೊದಲು ಹೇಳುವುದು ಇದನ್ನೇ: ಕೂದಲನ್ನು ಆಮೇಲೆ ನೋಡಿ, ಮೊದಲು ಒಳಮಗ್ಗುಲು ನೋಡಿ.

ಅಗ್ಗದ ವಿಗ್ಗಿನಲ್ಲಿ ಕೂದಲನ್ನು ಪಟ್ಟಿ ಪಟ್ಟಿಯಾಗಿ ಹೊಲಿದು ಎಲಾಸ್ಟಿಕ್‌ಗೆ ಜೋಡಿಸಿರುತ್ತಾರೆ. ಪಟ್ಟಿಗಳ ನಡುವೆ ಗಾಳಿಯಾಡುವುದರಿಂದ ಸೆಕೆಗೆ ಒಳ್ಳೆಯದು. ಸ್ವಂತ ಕೂದಲು ಸ್ವಲ್ಪವಾದರೂ ಇರುವವರಿಗೆ ಅದು ಸಾಕು. ತಲೆ ಪೂರ್ತಿ ಬೋಳಾಗಿದ್ದರೆ ಆ ಹೊಲಿಗೆ ಚರ್ಮವನ್ನು ಕೊರೆಯುತ್ತದೆ. ಅಂಥವರು ಮೊನೊಫಿಲಮೆಂಟ್ ಎಂಬ ತೆಳು ಜಾಲರಿಯ ವಿಗ್ ಕೇಳಿ. ಅದರಲ್ಲಿ ಒಂದೊಂದೇ ಕೂದಲನ್ನು ಕೈಯಿಂದ ಗಂಟು ಹಾಕಿರುವುದರಿಂದ ಬೈತಲೆ ತೆಗೆದರೆ ಕೆಳಗಿನ ಚರ್ಮ ಕಾಣುತ್ತದೆ. ಮುಂದಲೆಗೆ ಲೇಸ್ ಎಂಬ ನವಿರಾದ ಬಲೆ ಇದ್ದರೆ ಹಣೆಯ ಅಂಚು ಸಹಜವಾಗಿ ಕಾಣುತ್ತದೆ. ಆದರೆ ಲೇಸು ಬೇಗ ಹರಿಯುತ್ತದೆ. ದಿನವೂ ಮುಂಗುರುಳು ಬಿಟ್ಟುಕೊಳ್ಳುವವರಿಗೆ ಅದರ ಖರ್ಚು ಬೇಡ ಎಂಬುದು ನನ್ನ ಅಭಿಪ್ರಾಯ. ಯಾವುದೇ ಆಗಲಿ, ಒಳಗೆ ಹತ್ತಿಯ ಟೊಪ್ಪಿ ಹಾಕಿಕೊಳ್ಳಿ.

ಕೀಮೋ ಆಗಬೇಕಿದ್ದರೆ ಅದು ಶುರುವಾಗುವ ಮುಂಚೆಯೇ ವಿಗ್ ಆರಿಸಿಬಿಡಿ. ಕೂದಲು ಉದುರಿಸುವ ಔಷಧಿಯಾದರೆ ಸಾಮಾನ್ಯವಾಗಿ ಎರಡು ಮೂರು ವಾರಗಳಲ್ಲಿ ದಿಂಬಿನ ಮೇಲೆ ಕೂದಲು ಕಾಣಿಸತೊಡಗುತ್ತದೆ. ಆಮೇಲೆ ಅಂಗಡಿ ಅಲೆಯುವ ಶಕ್ತಿಯೂ ಇರುವುದಿಲ್ಲ, ಹೊಂದಿಸಿ ನೋಡಲು ಸ್ವಂತ ಕೂದಲೂ ಇರುವುದಿಲ್ಲ. ದರ್ಜಿಯ ಟೇಪನ್ನು ಹಣೆಯ ಕೂದಲಂಚಿನಿಂದ ಹಿಡಿದು ಕಿವಿಯ ಹಿಂದೆ, ಕತ್ತಿನ ಮೇಲ್ಭಾಗದಲ್ಲಿ ಸುತ್ತಿ ಅಳತೆ ತೆಗೆಯಿರಿ. ಬಹುತೇಕ ಹೆಂಗಸರ ಅಳತೆ 54ರಿಂದ 57 ಸೆಂಟಿಮೀಟರ್ ಇರುತ್ತದೆ. ಕೂದಲು ಹೋದ ಮೇಲೆ ಇದು ತುಸು ಇಳಿಯುವುದರಿಂದ ಹಿಂದೆ ಬಿಗಿಮಾಡುವ ಕೊಕ್ಕೆ ಇರಲೇಬೇಕು.

ಬಣ್ಣವನ್ನು ಟ್ಯೂಬ್‌ಲೈಟಿನ ಕೆಳಗೆ ನೋಡಬೇಡಿ, ಬಾಗಿಲ ಬಳಿ ಹಗಲು ಬೆಳಕಿಗೆ ಹಿಡಿಯಿರಿ. ಅಂಗಡಿಯವರು ತೋರಿಸುವ ಬಣ್ಣದ ಮಾದರಿ ಗೊಂಚಲಿನಲ್ಲಿ 1 ಎಂದರೆ ಕಡುಗಪ್ಪು, 1ಬಿ ಅದಕ್ಕಿಂತ ತುಸು ಮೆದು. ಚಿಕಿತ್ಸೆಯಿಂದ ಕಳೆಗುಂದಿದ ಮುಖಕ್ಕೆ ಕಡುಗಪ್ಪು ತೀರ ಗಡಸಾಗುತ್ತದೆ. ನಾನು 1ಬಿ ತೆಗೆದುಕೊಂಡೆ.

ಇನ್ನು ಕೂದಲಿನ ವಿಷಯ. ಕೃತಕ ನಾರಿನ ವಿಗ್ ಹಗುರ, ಬೆಲೆಯೂ ಕಡಿಮೆ, ತೊಳೆದ ಮೇಲೂ ಅದರ ಆಕಾರ ಕೆಡುವುದಿಲ್ಲ. ದಿನವೂ ಹಾಕಿದರೆ ನಾಲ್ಕರಿಂದ ಆರು ತಿಂಗಳು ಬಾಳುತ್ತದೆ. ಅದಕ್ಕೆ ಶತ್ರು ಬಿಸಿ. ಒಂದು ಬೆಳಿಗ್ಗೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದು ಬಗ್ಗಿದೆ, ಅಷ್ಟೇ. ಹಣೆಯ ಮೇಲಿನ ಎಳೆಗಳು ಉಗಿಗೆ ಮುರುಟಿ, ಸುಟ್ಟ ಉಣ್ಣೆಯ ಹಾಗೆ ಒರಟಾದವು. ಮತ್ತೆ ನೆಟ್ಟಗಾಗಲೇ ಇಲ್ಲ. ಒಗ್ಗರಣೆ ಹಾಕುವಾಗ, ಕರ್ಪೂರದ ಆರತಿ ತೆಗೆದುಕೊಳ್ಳುವಾಗ ಎಚ್ಚರ. ಅಡುಗೆಮನೆಯಲ್ಲಿ ಟೊಪ್ಪಿ ಅಥವಾ ಹತ್ತಿಯ ವಸ್ತ್ರವೇ ಕ್ಷೇಮ.

ಮನುಷ್ಯರ ಕೂದಲಿನ ವಿಗ್ ಜೋಪಾನ ಮಾಡಿದರೆ ವರ್ಷ ದಾಟುತ್ತದೆ. ಆದರೆ ಎಲ್ಲ ನಿಜ ಕೂದಲೂ ಒಂದೇ ಅಲ್ಲ. ತಿರುಮಲದಲ್ಲಿ ಭಕ್ತರು ಮುಡಿ ಕೊಟ್ಟ ಕೂದಲನ್ನು ದೇವಸ್ಥಾನ ಹರಾಜು ಹಾಕುತ್ತದೆ. ಹಾಗೆ ಒಟ್ಟಿಗೆ ತೆಗೆದ ಕೂದಲಿನ ಬುಡವೆಲ್ಲ ಒಂದೇ ಕಡೆ ಇರುವಂತೆ ಜೋಡಿಸಬಹುದು. ಇದನ್ನೇ ರೆಮಿ ಎನ್ನುತ್ತಾರೆ. ಬೀದಿಯಲ್ಲಿ ಪಾತ್ರೆ ಕೊಟ್ಟು ಕೊಳ್ಳುವ ಬಾಚಣಿಗೆಯ ಉದುರು ಕೂದಲು ಬೇರೆ ಜಾತಿ. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಅದರ ಸಿಕ್ಕು ಬಿಡಿಸಿ, ತೊಳೆದು, ಉದ್ದವಾರು ಜೋಡಿಸುವುದೇ ದೊಡ್ಡ ಉದ್ಯಮ. ಆ ಕೈಗಳ ತಾಳ್ಮೆಗೆ ನಾನು ಕೈ ಮುಗಿಯುತ್ತೇನೆ. ಬುಡ ತುದಿ ಬೆರೆತರೆ ಕೂದಲೆಳೆಯ ಮೈಮೇಲಿರುವ, ಕಣ್ಣಿಗೆ ಕಾಣದ ಹುರುಪೆಗಳು ಒಂದಕ್ಕೊಂದು ಎದುರಾಗಿ ಸಿಕ್ಕುಗಟ್ಟುತ್ತವೆ. ಆದ್ದರಿಂದ ರೆಮಿಯ ಬೆಲೆ ಕೊಡುವ ಮುನ್ನ ಯಾವುದೆಂದು ಕೇಳಿ ತಿಳಿಯಿರಿ.

ನೆತ್ತಿಯಲ್ಲಿ ಮಾತ್ರ ತೆಳುವಾಗಿದ್ದರೆ ಪೂರ್ತಿ ವಿಗ್ ಬೇಡ, ಕ್ಲಿಪ್ಪಿನ ಟಾಪರ್ ಸಾಕು. ತೆಳುವಾದ ಜಾಗಕ್ಕಿಂತ ಸುತ್ತಲೂ ಒಂದು ಬೆರಳಗಲ ದೊಡ್ಡದಿರಲಿ, ಕ್ಲಿಪ್ಪು ಗಟ್ಟಿ ಕೂದಲಿಗೇ ಕೂರಬೇಕು. ಬೋಳು ಜಾಗಕ್ಕಷ್ಟೇ ಕೂರಿಸುವ ಗಂಡಸರ ಪ್ಯಾಚಿಗೆ ಅಂಟು ಬಳಸುವುದಾದರೆ ಹಿಂದಿನ ದಿನವೇ ಕಿವಿಯ ಹಿಂದೆ ಚೂರು ಹಚ್ಚಿ ತುರಿಕೆ ಬರುತ್ತದೆಯೇ ನೋಡಿ. ಚೌಲಿಯನ್ನು ಜಡೆಯ ಬುಡಕ್ಕೆ ಬಿಗಿಯಾಗಿ ಕಟ್ಟಿ ತೂಗುಬಿಡುವುದು ತಪ್ಪು. ಸ್ವಂತ ಕೂದಲನ್ನು ಮೂರು ಭಾಗ ಮಾಡಿ, ಪ್ರತಿ ಭಾಗಕ್ಕೂ ಚೌಲಿಯ ಒಂದೊಂದು ಎಳೆ ಸೇರಿಸಿ ಹೆಣೆದರೆ ಭಾರ ಹಂಚಿಹೋಗುತ್ತದೆ. ಕುಚ್ಚು, ಹೂವು ಸೇರಿದ ಮದುವೆ ಜಡೆಯನ್ನು ರಾತ್ರಿ ಮಲಗುವ ಮುನ್ನ ಬಿಚ್ಚಲೇಬೇಕು.

ಹಾಕಿಕೊಳ್ಳುವಾಗ ವಿಗ್ಗಿನ ಮುಂಭಾಗವನ್ನು ಹಣೆಗೆ ಹಿಡಿದು ಹಿಂದಕ್ಕೆ ಎಳೆಯಿರಿ. ಹುಬ್ಬಿನ ಮೇಲೆ ನಾಲ್ಕು ಬೆರಳು ಜಾಗ ಬಿಡಿ. ಕಿವಿಯ ಮುಂದೆ ಬರುವ ಎರಡು ಪುಟ್ಟ ಕಿವಿಪಟ್ಟಿಗಳನ್ನು ಬೆರಳಿನಿಂದ ಮುಟ್ಟಿ ನೋಡಿ, ಅವು ಸಮನಾಗಿದ್ದರೆ ವಿಗ್ ನೇರವಾಗಿದೆ ಎಂದರ್ಥ. ಹೊಳಪು ಹೆಚ್ಚಾದರೆ ಬೈತಲೆಗೆ ಚೂರು ಫೇಸ್ ಪೌಡರ್ ಸಾಕು. ಹೊಸ ವಿಗ್ಗಿನಲ್ಲಿ ಕೂದಲು ವಿಪರೀತ ದಟ್ಟವಾಗಿರುತ್ತದೆ. ನಿಮ್ಮ ತಲೆಯ ಮೇಲಿರುವಾಗಲೇ ಕೂದಲು ಕತ್ತರಿಸುವವರಿಂದ ತೆಳುಮಾಡಿಸಿ. ಮಲ್ಲಿಗೆ ಮುಡಿಯುವ ಆಸೆ ಬಿಡಬೇಡಿ. ಒಳಗಿನ ಪಟ್ಟಿಗೆ ದಾರದಿಂದ ಕಟ್ಟಿ, ಜಾಲರಿಗೆ ಪಿನ್ ಚುಚ್ಚಬೇಡಿ.

ಎಂಟು ಹತ್ತು ಸಲ ಹಾಕಿದ ಮೇಲೆ ತಣ್ಣೀರಿಗೆ ಸ್ವಲ್ಪ ಶಾಂಪೂ ಬೆರೆಸಿ ಅದ್ದಿ ತೆಗೆಯಿರಿ. ಉಜ್ಜಬೇಡಿ, ಹಿಂಡಬೇಡಿ. ಟವೆಲಿನಲ್ಲಿ ಒತ್ತಿ, ಬೋರಲು ಹಾಕಿದ ಪುಟ್ಟ ಬಿಂದಿಗೆಯ ಮೇಲೆ ನೆರಳಿನಲ್ಲಿ ಒಣಗಿಸಿ. ಪೂರ್ತಿ ಒಣಗಿದ ಮೇಲೆ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಶುರುಮಾಡಿ ಮೇಲಕ್ಕೆ ಬನ್ನಿ.

ಹೊಸ ಕೂದಲು ಮೂಡತೊಡಗಿದಾಗ ಹಿಂದಿನ ಕೊಕ್ಕೆಯನ್ನು ಒಂದು ಮನೆ ಸಡಿಲಿಸಿ. ಆ ಎಳೆ ಕೂದಲಿಗೆ ಕ್ಲಿಪ್ಪು ಸಿಕ್ಕಿಸುವ ಆತುರ ಬೇಡ, ಬುಡ ಸಹಿತ ಕಿತ್ತು ಬರುತ್ತದೆ. ನನಗೆ ಮೊದಲು ಬಂದದ್ದು ಗುಂಗುರು ಕೂದಲು. ಚಿಕಿತ್ಸೆ ಮುಗಿದ ಏಳನೆಯ ತಿಂಗಳಿಗೆ ವಿಗ್ಗನ್ನು ಬಿಂದಿಗೆಯ ಮೇಲೆಯೇ ಬಿಟ್ಟು, ಆ ಗುಂಗುರಿನಲ್ಲೇ ನಂಜನಗೂಡಿನ ಒಂದು ಮದುವೆಗೆ ಜಡೆ ಹೆಣೆಯಲು ಹೋದೆ.